ರೊಟ್ಟಿ ಡಬ್ಬಿಗೆ ಗುಲಾಬಿ ರಿಬ್ಬನ್

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ಹಾಲು ಕಾಯಲಿಟ್ಟು, ಮನೆಯವರ ಚಹಾಕ್ಕೆ ಶುಂಠಿ ಜಜ್ಜುವುದು ಸೇಡಂನ ಈ ಮನೆಯಲ್ಲಿ ನನ್ನ ಇಪ್ಪತ್ತೆಂಟು ವರ್ಷಗಳ ಕ್ರಮ. ಅವತ್ತೂ ಅದನ್ನೇ ಮಾಡಿದೆ. ಆದರೆ ನೀರು ಹಾಕಿದವಳು ರಂಗೋಲಿ ಮರೆತೆ, ಶುಂಠಿಯನ್ನು ಎರಡು ಸಲ ಹಾಕಿದೆ. ಮನೆಯವರು ಒಂದು ಗುಟುಕು ಕುಡಿದು ಕಣ್ಣಲ್ಲಿ ನೀರು ತಂದುಕೊಂಡರು. ಚಹಾದ ಬಗ್ಗೆ ಏನೂ ಅನ್ನದೆ, "ಪಾರ್ಸಲ್ ಹೈದರಾಬಾದ್ ಮುಟ್ಟಿತೇನು?" ಎಂದಷ್ಟೇ ಕೇಳಿದರು. ಒಳ್ಳೆಯ ಮನುಷ್ಯ. ಹಿಂದಿನ ದಿನ ವಾಡಿ ಸ್ಟೇಷನ್ನಿನಿಂದ ಹೋದ ಆ ಪಾರ್ಸಲ್ಲಿನಲ್ಲಿ ಇನ್ನೂರು ಖಡಕ್ ಜೋಳದ ರೊಟ್ಟಿಗಳಿದ್ದವು. ಅವು ರೊಟ್ಟಿಗಳಾಗಿಯೇ ಮುಟ್ಟುತ್ತವೆಯೋ ಪುಡಿಯಾಗಿ ಮುಟ್ಟುತ್ತವೆಯೋ ಎಂಬುದೇ ಅವತ್ತಿನ ಪ್ರಶ್ನೆ.

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಏಂಜೆಲ್ ಇನ್ವೆಸ್ಟರ್. ಈ ಹೆಸರನ್ನು ಮೊದಲು ಪೇಪರಿನಲ್ಲಿ ಓದಿ ಹೇಳಿದವರೂ ಮನೆಯವರೇ: ಹೊಸ ಉದ್ಯೋಗ ಶುರು ಮಾಡುವವರಿಗೆ ಮೊದಮೊದಲು ನಂಬಿ ದುಡ್ಡು ಹಾಕುವವರಂತೆ. ಕಾನ್ವೆಂಟಿನ ಕ್ರಿಸ್‌ಮಸ್ ನಾಟಕದಲ್ಲಿ ಬೆಳ್ಳಗಿದ್ದವರಿಗೆ ದೇವದೂತರ ಪಾತ್ರ ಸಿಗುತ್ತಿತ್ತು. ನನಗೆ ಏಳು ವರ್ಷವೂ ಕುರಿಯ ಪಾತ್ರ. ಐವತ್ತೆರಡರ ವಯಸ್ಸಿನಲ್ಲಿ ಬಡ್ತಿ ಸಿಕ್ಕರೆ ಯಾರಿಗೆ ಬೇಡ? ಆ ಕಾನ್ವೆಂಟಿನ ಗೆಳತಿಯರು ನಾವು ಐದು ಮಂದಿ ಇಂದಿಗೂ ಜೊತೆಗಿದ್ದೇವೆ. ನಾನು ಸೇಡಂನಲ್ಲಿ, ಉಳಿದ ನಾಲ್ವರು ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಹುಕಾಲ ಗುಲಾಬಿ ಹೂವಿನ ಶುಭೋದಯ, ಮೊಣಕಾಲು ನೋವಿನ ಎಣ್ಣೆ, ಇವೆರಡರ ವ್ಯವಹಾರ ಮಾತ್ರ ನಡೆಯುತ್ತಿತ್ತು.

ಅಷ್ಟರಲ್ಲಿ ಇಲ್ಲೇ ಹತ್ತಿರದ ಮುಧೋಳದ ರೇಣುಕಾ ನಮ್ಮ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದು ರೊಟ್ಟಿ ಬಡಿಯತೊಡಗಿದಳು. ಆಕೆಯ ರೊಟ್ಟಿ ಹಿಡಿದು ನೋಡಿದರೆ ಆಚೆಗಿನ ದೀಪ ಕಾಣಬೇಕು, ಅಷ್ಟು ತೆಳು. ಜೊತೆಗೆ ನಾಲ್ವರು ಹೆಣ್ಣುಮಕ್ಕಳು ಕೆಲಸಕ್ಕಿದ್ದರು. ಮಳೆಗಾಲದಲ್ಲಿ ರೊಟ್ಟಿ ಒಣಗದೆ ಮೆತ್ತಗಾಗುತ್ತಿದ್ದವು. ಒಣಗಿಸುವ ಯಂತ್ರವೊಂದು ಬೇಕಾಗಿತ್ತು. ನಾವು ಐವರೂ ಸೇರಿ ಯಂತ್ರಕ್ಕೆ ದುಡ್ಡು ಹಾಕಿದೆವು. ಲಾಭ ಬಂದರೆ ನಮಗೊಂದು ಪಾಲು, ಬರದಿದ್ದರೆ ನಮಸ್ಕಾರ. ಚಿಂಚೋಳಿಯ ಗೆಳತಿ ತನ್ನ ಮೈದುನನ ಪರಿಚಯದಿಂದ ಹೈದರಾಬಾದಿನ ಒಂದು ಅಂಗಡಿಯನ್ನೂ ಹುಡುಕಿಕೊಟ್ಟಳು.

ದುಡ್ಡು ಹಾಕಿ ಸುಮ್ಮನಿದ್ದರೆ ಚೆಂದವಿತ್ತು. ಆದರೆ ಏಂಜೆಲ್ ಆದವರು ಮಾರ್ಗದರ್ಶನವನ್ನೂ ಮಾಡಬೇಕೆಂದು ಅದೇ ಪೇಪರಿನಲ್ಲಿತ್ತು. ನನಗೆ ಕಾನ್ವೆಂಟಿನಲ್ಲಿ ಬಹುಮಾನ ಬಂದದ್ದು ಒಂದೇ ವಿಷಯದಲ್ಲಿ, ಉಡುಗೊರೆಯ ಡಬ್ಬಿ ಕಟ್ಟುವುದರಲ್ಲಿ. ಸಿಸ್ಟರ್ ನನ್ನ ರಿಬ್ಬನ್ ಗಂಟನ್ನು ಇಡೀ ತರಗತಿಗೆ ತೋರಿಸಿದ್ದರು. ರೇಣುಕಾ ರೊಟ್ಟಿಗಳನ್ನು ಹಳೆ ಧೋತರದಲ್ಲಿ ಬಿಗಿಯಾಗಿ ಸುತ್ತಿ ಕಳಿಸುವವಳಿದ್ದಳು. ನಾನು ನಕ್ಕೆ. ಅಗಲವಾದ ಬಿಳಿ ಡಬ್ಬಿಗಳನ್ನು ತರಿಸಿ, ರೊಟ್ಟಿಗಳನ್ನು ಕೇಕಿನಂತೆ ಒಂದರ ಮೇಲೊಂದು ಮಲಗಿಸಿ, ಗುಲಾಬಿ ರಿಬ್ಬನ್ ಕಟ್ಟಿಸಿದೆ. "ಅಕ್ಕಾರ, ಇವು ಒಳಗ ಅಲ್ಲಾಡಾಕತ್ತಾವ್ರಿ" ಎಂದಳು ರೇಣುಕಾ. "ಅಂದ ನೋಡವ್ವಾ, ಅಂದ!" ಎಂದೆ ನಾನು.

ಡಬ್ಬಿಗಳು ನಾಲ್ಕೇ ದಿನಕ್ಕೆ ಹೈದರಾಬಾದಿನಿಂದ ತಿರುಗಿ ಬಂದವು. ರಿಬ್ಬನ್ ಗಂಟು ಹಾಗೇ ಇತ್ತು, ಒಳಗಿನ ಸಪ್ಪಳಕ್ಕೇ ಅಂಗಡಿಯವರಿಗೆ ಗೊತ್ತಾಗಿತ್ತು. ಒಳಗೆ ಒಂದೂ ರೊಟ್ಟಿ ಇರಲಿಲ್ಲ, ಚೂರು ಮಾತ್ರ. ಅಂಗಡಿಯವರು ಫೋನಿನಲ್ಲಿ, ಇನ್ನೊಂದು ಸಲ ನೋಡುತ್ತೇವೆ, ಮತ್ತೆ ಹೀಗಾದರೆ ಕಳಿಸಲೇಬೇಡಿ ಎಂದರಂತೆ. ಆ ಅಂಗಡಿ ತಪ್ಪಿದರೆ ರೇಣುಕಾ ಕೋಣೆ ಬಿಡಬೇಕು, ಕೆಲಸದ ಆ ನಾಲ್ವರು ಹೆಣ್ಣುಮಕ್ಕಳು ಮನೆಗೆ ಹೋಗಬೇಕು. ಆಕೆ ಸೆರಗಿನಿಂದ ಡಬ್ಬಿಯ ಧೂಳು ಒರೆಸಿ, "ಡಬ್ಬಿ ಚಲೋ ಅದಾವ್ರಿ, ಮತ್ತ ಉಪಯೋಗಕ್ಕ ಬರ್ತಾವ" ಎಂದಳು. ಬೈದಿದ್ದರೆ ನನಗೆ ಊಟವಾದರೂ ಸೇರುತ್ತಿತ್ತು. ಸಾಕ್ಷ್ಯ ಉಳಿಯಬಾರದೆಂದು ಚೂರನ್ನೆಲ್ಲ ಸ್ಟೀಲ್ ಡಬ್ಬಗಳಲ್ಲಿ ತುಂಬಿ ಓಣಿಯ ಮನೆಗಳಿಗೆ ಹಂಚಿಬಿಟ್ಟೆ. ಪಕ್ಕದ ಮನೆಯ ಕಸ್ತೂರಿಬಾಯಿಗೆ ಎರಡು ಡಬ್ಬ.

ಅವತ್ತು ಸಂಜೆ ಗುಂಪಿನಲ್ಲಿ ನನ್ನ ತಪ್ಪನ್ನು ಬರೆದೆ. ಗುಲಾಬಿ ಹೂವು ಕಳಿಸುತ್ತಿದ್ದ ಅದೇ ಹೆಂಗಸರು ಎದ್ದು ನಿಂತರು. ಚಿತ್ತಾಪುರದವಳು ಬ್ಯಾಂಕಿನಿಂದ ನಿವೃತ್ತಳಾದವಳು, ರೇಣುಕಾಗೆ ಫೋನ್ ಹಚ್ಚಿ ಖರ್ಚಿನ ಲೆಕ್ಕ ತರಿಸಿಕೊಂಡು, "ಹಿಟ್ಟು ಬರದಿ, ಕಟ್ಟಿಗಿ ಬರದಿ, ನಿನ್ನ ಕೂಲಿ ಎಲ್ಲೈತವ್ವಾ?" ಎಂದು ಕೇಳಿ ರೊಟ್ಟಿಯ ದರವನ್ನೇ ತಿದ್ದಿಸಿದಳು. ವಾಡಿಯವಳು ಸ್ಟೇಷನ್ನಿಗೆ ಹೋಗಿ ಪಾರ್ಸಲ್ ಹೊರುವ ಹಿರಿಯರೊಬ್ಬರಿಗೆ, ನಮ್ಮದನ್ನು ಎಸೆಯದೆ ಇಡಲಿ ಎಂದು, ರೇಣುಕಾಳ ಪರಿಚಯ ಮಾಡಿಸಿಟ್ಟಳು. ಶಹಾಬಾದಿನ ಫಿಲೋಮಿನಾ ಮಾತ್ರ, "ಏ, ನೀ ಸುಮ್ನ ಕೂಡು. ನಮ್ಮ ಓಣಿ ಗಫೂರ್ ಚಾಚಾನ್ನ ಕಳಸ್ತೀನಿ" ಎಂದಳು.

ಗಫೂರ್ ಚಾಚಾ ನಲವತ್ತು ವರ್ಷ ಶಹಾಬಾದಿನ ಫರಸಿ ಕಲ್ಲಿನ ನೆಲಹಾಸು ಚಪ್ಪಡಿಗಳನ್ನು ಲಾರಿಗೆ ಹೇರಿಸಿದವರು. ಅಡುಗೆಯ ಸುದ್ದಿಗೆ ಕಲ್ಲಿನವರು ಯಾಕೆ ಎಂದು ನನಗೆ ಅನಿಸಿತು. ನಮ್ಮ ಕಾನ್ವೆಂಟಿನಲ್ಲಿ ಮನಸ್ಸಿನಲ್ಲಿದ್ದದ್ದನ್ನು ಮುಖದಲ್ಲಿ ತೋರಿಸದಿರಲು ಕಲಿಸಿದ್ದರು, ಹಾಗಾಗಿ ಬಚಾವಾದೆ. ಅವರು ರೇಣುಕಾಳ ಕೋಣೆಗೆ ಬಂದು, ಕನ್ನಡಕ ಏರಿಸಿ ನನ್ನ ಡಬ್ಬಿಯನ್ನು ನೋಡಿದರು.

"ಇದು ಯಾರ್ದು ಅಕಲ್ರಿ, ಯಾರ ಬುದ್ಧಿ ಇದು?"

ರೇಣುಕಾ ಒಲೆಯ ಕಡೆ ತಿರುಗಿದಳು. ನಾನು ಛಾವಣಿ ನೋಡಿದೆ.

"ಅಲ್ಲವ್ವಾ, ಫರಸಿ ಯಾವತ್ತರ ಮಲಗಿಸಿ ಒಯ್ತಾರೇನು? ಒಂದು ಗುಂಡಿ ಬಂತಂದ್ರ ಪೂರಾ ಖತಂ. ನಿಂದ್ರಸ್ಬೇಕು. ಒಂದಕ್ಕೊಂದು ಒತ್ತಿ, ನಡುವ ಹುಲ್ಲು. ರೊಟ್ಟೀನೂ ಹಂಗೇ, ಅದರ ನಸೀಬ ಬ್ಯಾರೆ ಏನಲ್ಲ."

ಉದ್ದನೆಯ ಕಿರಿದಾದ ಪೆಟ್ಟಿಗೆ ತರಿಸಿದರು. ರೊಟ್ಟಿಗಳನ್ನು ಕಪಾಟಿನ ಪುಸ್ತಕಗಳಂತೆ ಸಾಲಾಗಿ ನಿಲ್ಲಿಸಿ, ಹತ್ತಕ್ಕೊಂದು ಕಾಗದ, ಸಂದಿಗೆಲ್ಲ ಕಾಗದದ ಉಂಡೆ. ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಸಪ್ಪಳ ಬಂದ್ರ ತೆಗಿ, ಮತ್ತ ತುಂಬು" ಎಂದು ರೇಣುಕಾಳಿಂದ ಐದು ಸಲ ಮಾಡಿಸಿದರು. ಕೂಲಿ ಕೊಡಲು ಹೋದರೆ, "ನಾಲ್ಕು ರೊಟ್ಟಿ ಕೊಡ್ರಿ, ಖಾರಬ್ಯಾಳಿ ಇದ್ರ ಅದೂ" ಎಂದು ಎದ್ದರು.

ಇಷ್ಟಾದ ಮೇಲೆ ಆ ಪಾರ್ಸಲ್ ಹೋಗಿದ್ದು. ಎರಡು ಶುಂಠಿಯ ಚಹಾದ ಆ ಬೆಳಗು ಮಧ್ಯಾಹ್ನಕ್ಕೆ ತಿರುಗಿತು. ಬೇಳೆ ತಳ ಹಿಡಿಯಿತು. ಒಂದೂವರೆಗೆ ರೇಣುಕಾ ಬಾಗಿಲಲ್ಲಿ ನಿಂತಿದ್ದಳು, ಕೈಯೆಲ್ಲ ಹಿಟ್ಟು, ಕಿವಿಗೆ ಅಂಟಿಸಿದ್ದ ಫೋನಿಗೂ ಹಿಟ್ಟು.

"ಅಕ್ಕಾರ! ಎರಡೇ ಮುರದಾವಂತ್ರಿ! ಮುಂದಿನ ವಾರ ನಾನೂರು ಕಳಸು ಅಂದ್ರು!"

ನಾನು ಆಕೆಯನ್ನು ತಬ್ಬಿಕೊಂಡೆ. ಆಕೆಯ ಹಿಟ್ಟಿನ ಕೈ ನನ್ನ ಸೀರೆಗೆ ಮೆತ್ತಿದ್ದು ನನಗೆ ಗೊತ್ತಾದದ್ದು ಆಮೇಲೆ. ಆ ಸೀರೆಯನ್ನು ಸಂಜೆಯವರೆಗೂ ಬದಲಿಸಲಿಲ್ಲ. ನಾವು ಕೊಟ್ಟ ದುಡ್ಡಿನಿಂದ ಯಂತ್ರ ಬಂತು, ನಿಜ. ಆದರೆ ಆ ಯಂತ್ರವನ್ನು ನಡೆಸಿದ್ದು ಒಬ್ಬೊಬ್ಬರ ಗುರುತು ಪರಿಚಯ, ಒಬ್ಬೊಬ್ಬರು ಕೈಯಾರೆ ಕಲಿತ ಕೆಲಸ. ಸ್ಟೇಷನ್ನಿನ ಹಿರಿಯರಿಗೆ, ಗಫೂರ್ ಚಾಚಾಗೆ, ನನ್ನ ಮೊಣಕಾಲು ನೋವಿನ ಗೆಳತಿಯರಿಗೆ ನಾನು ಎಷ್ಟು ಋಣಿ ಎಂದು ಗುಂಪಿನಲ್ಲಿ ಉದ್ದಕ್ಕೆ ಬರೆದೆ. ನಾಲ್ವರೂ ಗುಲಾಬಿ ಹೂವು ಕಳಿಸಿದರು. ಜೀವನದಲ್ಲಿ ಮೊದಲ ಸಲ ಆ ಹೂವುಗಳನ್ನು ಅಳಿಸದೆ ಇಟ್ಟುಕೊಂಡೆ.

ಸಂಜೆ ಕಸ್ತೂರಿಬಾಯಿ ಹೆಪ್ಪಿಗೆ ಮೊಸರು ಕೇಳಲು ಬಂದರು. ರೊಟ್ಟಿ ಪೂರಾ ಮುಟ್ಟಿದ ಸುದ್ದಿಯನ್ನು ಚಾಚಾನ ಅಕಲಿನಿಂದ ಹಿಡಿದು ನಾನೂರರವರೆಗೆ ಹೇಳಿದೆ. ಅವರು ಮೊಸರಿನ ವಾಟಿ ಹಿಡಿದು ಪೂರ್ತಿ ಕೇಳಿದರು. ಮೆಟ್ಟಿಲು ಇಳಿಯುತ್ತಾ, ಏನೋ ನೆನಪಾದವರಂತೆ ತಿರುಗಿದರು.

"ಚಲೋ ಆತ್ರಿ ವೈನಿ. ಆದ್ರ ಆ ಚೂರು ಮೊಸರಿನಾಗ ಕಲಸಿದ್ರ ಭಾಳ ರುಚಿ ಆಗ್ತಿತ್ತು, ನಮ್ಮನಿಯವ್ರು ದಿನಾ ಕೇಳಾಕತ್ತಾರ. ಮತ್ತ ನೀವು ಯಾವಾಗ ಪ್ಯಾಕ್ ಮಾಡ್ತೀರ್ರಿ?"