ಹಿತ್ತಾಳೆ ಲೋಟಕ್ಕೆ ಬಲಿಯಾದ ನನ್ನ ಸ್ಟೀರಿಂಗು: ನಮ್ಮ ವ್ಯಾಗನ್ ಮಹಾಶಯರ ಗಮನಕ್ಕೆ

ಮಾನ್ಯ ವ್ಯಾಗನ್ ಮಹಾಶಯರೇ,

ನಮ್ಮ ಮನೆಯ ಗೇಟಿಗೂ ಮೆಟ್ಟಿಲಿಗೂ ನಡುವಿನ ಇಕ್ಕಟ್ಟಿನಲ್ಲಿ, ಮೂತಿಯನ್ನು ಬಟ್ಟೆ ಒಣಗಿಸುವ ತಂತಿಯ ಕೆಳಗೂ ಬೆನ್ನನ್ನು ಬೀದಿಯ ಕಡೆಗೂ ಇಟ್ಟುಕೊಂಡು ಹಗಲಿರುಳು ವಿರಾಜಮಾನರಾಗಿರುವ, ನಾಲ್ಕೂ ಚಕ್ರಗಳಿಗೆ ಭೇದವಿಲ್ಲದೆ ಬಲ ಹಂಚುವ ಧರ್ಮಪ್ರಭುಗಳೂ ನೀಳ ಬೆನ್ನಿನವರೂ ಗಂಭೀರ ಕಂಠದವರೂ ಆದ ತಮ್ಮ ಸನ್ನಿಧಾನಕ್ಕೆ, ಹಲ್ಲಿನ ಸೆಟ್ಟು ಮಾಡಿ ಹೊಟ್ಟೆ ಹೊರೆಯುವ ಈ ಬಡಪಾಯಿಯ ಅನಂತ ನಮಸ್ಕಾರಗಳು. ತಮ್ಮ ಟೈರಿನ ಗಾಳಿ, ಎಂಜಿನ್ನಿನ ಆಯಿಲ್ಲು, ಒಟ್ಟಾರೆ ಮೈಕಾಂತಿ ಎಲ್ಲವೂ ಕ್ಷೇಮವೆಂದು ಭಾವಿಸುತ್ತೇನೆ. ಭಾವಿಸುವುದೇನು ಬಂತು, ನಿನ್ನೆ ಸಂಜೆ ಮೊಣಕಾಲೂರಿ ತಮ್ಮನ್ನು ಒರೆಸಿದವನು ನಾನೇ ತಾನೇ. ಇತ್ತ ನನ್ನ ಕ್ಷೇಮದ ವಿಚಾರ ಕೇಳದಿರುವುದೇ ಒಳ್ಳೆಯದು, ಆದರೂ ಹೇಳಲೆಂದೇ ಈ ಪತ್ರ. ಇದರ ಒಂದು ಪ್ರತಿಯನ್ನು ತಮ್ಮ ವೈಪರಿನಡಿ ಸಿಕ್ಕಿಸಿ ಇನ್ನೊಂದನ್ನು ಗೇಟಿಗೆ ಅಂಟಿಸಲಿದ್ದೇನೆ, ಏಕೆಂದರೆ ಬೀದಿಯವರಿಗೆ ಈಗಾಗಲೇ ಅರ್ಧ ಕಥೆ ಗೊತ್ತಿದೆ, ಉಳಿದರ್ಧವನ್ನು ಅವರೇ ಕಟ್ಟಿಕೊಳ್ಳುವುದಕ್ಕಿಂತ ನಾನೇ ಹೇಳಿಬಿಡುವುದು ಮೇಲು.

ನನ್ನ ದೂರು ಒಂದೇ ಒಂದು. ತಮ್ಮ ಬಲಮುಂಭಾಗದಲ್ಲಿರುವ ಆ ಕಪ್ಪು ಸೀಟು, ಅದರ ಮುಂದಿನ ಆ ದಪ್ಪ ಸ್ಟೀರಿಂಗು, ಅವೆರಡೂ ನನ್ನವು, ನನಗೆ ವಾಪಸ್ಸು ಬೇಕು. ಮಿಕ್ಕದ್ದೆಲ್ಲ ಪೀಠಿಕೆ ಎಂದು ಭಾವಿಸಬೇಕಾಗಿ ವಿನಂತಿ.

ತಾವು ನಮ್ಮ ಮನೆಗೆ ದಯಮಾಡಿಸಿದ್ದು ಹೇಗೆಂದು ತಮಗೆ ತಿಳಿದಿರಲಾರದು, ತಾವಾಗ ಷೋರೂಮಿನಲ್ಲಿ ಹೊದಿಕೆ ಹೊದ್ದು ಮಲಗಿದ್ದಿರಿ. ನಮ್ಮಲ್ಲಿ ಎರಡು ಮುದಿ ವಾಹನಗಳಿದ್ದವು: ಸಸಿಗಳ ನರ್ಸರಿ ನಡೆಸುವ ನನ್ನ ಹೆಂಡತಿಯದೊಂದು ಪುಟ್ಟ ಕಾರು, ಹಲ್ಲಿನ ಡಾಕ್ಟರುಗಳ ಕ್ಲಿನಿಕ್ಕುಗಳಿಗೆ ಸೆಟ್ಟುಗಳನ್ನು ಮುಟ್ಟಿಸುವ ನನ್ನದೊಂದು ಡಬ್ಬಾ ವ್ಯಾನು. ಎರಡೂ ಮಾತಾಡಿಕೊಂಡವರಂತೆ ಒಂದೇ ವಾರದಲ್ಲಿ ಕೈಕೊಟ್ಟಾಗ, ಇನ್ನು ಮೇಲೆ ಮನೆಗೆ ಒಂದೇ ಕಾರು, ಅದು ಎಲ್ಲದಕ್ಕೂ ಆಗಬೇಕು ಎಂದು ಹೆಂಡತಿ ಅಪ್ಪಣೆ ಕೊಟ್ಟಳು. ಅವಳಿಗೆ ನಿಂಬೆಗಿಡವನ್ನು ಕುಂಡದ ಸಮೇತ ಉದ್ದಕ್ಕೆ ಮಲಗಿಸುವಷ್ಟು ಜಾಗ ಬೇಕಿತ್ತು. ನಮ್ಮ ಜೊತೆಗೇ ಇರುವ ಅತ್ತೆಯವರಿಗೆ, ಅಂದರೆ ಅವಳ ತಾಯಿಗೆ, ಜೀಪಿನಂತೆ ಹತ್ತಲೂ ಬಾರದು, ಸಣ್ಣ ಕಾರಿನಂತೆ ಕುಕ್ಕರಿಸಲೂ ಬಾರದು, ಮಂಡಿಗೆ ಸರಿಯಾದ ಎತ್ತರ ಬೇಕಿತ್ತು. ನಾನು ಮಾತ್ರ ಬಲು ಸಾಧುವಾಗಿ, ಕಾರು ಅಂದಮೇಲೆ ಸ್ವಲ್ಪ ಓಡಬೇಕಷ್ಟೇ ಎಂದೆ. ಆ ‘ಸ್ವಲ್ಪ’ದೊಳಗೆ ನನ್ನ ಇಡೀ ಯೌವನದ ಹೊಟ್ಟೆಕಿಚ್ಚು ಅಡಗಿತ್ತು ಮಹಾಶಯರೇ, ಇಪ್ಪತ್ತು ವರ್ಷ ಸೈಕಲ್ಲಿನವರಿಂದಲೂ ಓವರ್‌ಟೇಕ್ ಮಾಡಿಸಿಕೊಂಡವನು ನಾನು. ಷೋರೂಮಿನ ಸೇಲ್ಸಿನಾತ ನಮ್ಮ ಮೂವರ ಮುಖವನ್ನೂ ಒಂದೊಂದು ಸಲ ನೋಡಿ, ಸಾರ್, ಸಂಸಾರಕ್ಕೆ ಸಂಸಾರ, ಸಾಮಾನಿಗೆ ಸಾಮಾನು, ಕೆಸರಿಗೆ ಕೆಸರು, ಓಟಕ್ಕೆ ಓಟ ಎಂದು ತಮ್ಮ ಹೊದಿಕೆಯನ್ನು ಸರ್ರನೆ ಎಳೆದ. ನಾನು ಬೆಲೆ ಕೇಳುವುದನ್ನೇ ಮರೆತೆ.

ಇಲ್ಲಿ ಲೋಟದ ಪ್ರಸ್ತಾಪ ಅನಿವಾರ್ಯ. ಅತ್ತೆಯವರು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರರಾಗಿದ್ದು ನಿವೃತ್ತರಾದವರು. ಅವರು ಬೀದಿಯ ಈ ತುದಿಗೆ ಕಾಲಿಟ್ಟರೆ ಆ ತುದಿಯ ಅಂಗಡಿಯವರ ತಕ್ಕಡಿಗಳು ತಾವಾಗಿಯೇ ಸರಿಹೋಗುತ್ತಿದ್ದವಂತೆ. ಅವರ ಬಳಿ ಕೆಲಸದ ಕಾಲದ ಒಂದು ಹಿತ್ತಾಳೆ ಲೋಟವಿದೆ. ಮನೆಗೆ ಏನೇ ಬರಲಿ, ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ ಅದರ ಮೇಲಿಡುತ್ತಾರೆ, ಒಂದು ಹನಿ ಚೆಲ್ಲಿದರೂ ಆ ವಸ್ತು ಬಂದ ದಾರಿಯಲ್ಲೇ ವಾಪಸ್ಸು. ಮಂಚ, ಸೋಫಾ, ಊಟದ ಮೇಜು ಎಲ್ಲ ಹೀಗೇ ಪಾಸಾದವು. ಮದುವೆಗೆ ಮುಂಚೆ ನಾನು ಮೊದಲ ಸಲ ಅವರ ಮನೆಗೆ ಹೋದಾಗ ನನ್ನ ಕೈಗೂ ಅದೇ ಲೋಟವನ್ನಿತ್ತು ಅಡುಗೆಮನೆಯಿಂದ ಹಜಾರದ ತನಕ ನಡೆಸಿದರು. ಅಕ್ಕಿಕಾಳಿನಷ್ಟು ಹಲ್ಲನ್ನು ಒಸಡಿಗೆ ಕೂರಿಸುವ ಕೈ ನನ್ನದು, ನೀರು ಅಲುಗಲಿಲ್ಲ. ಸಂಬಳ, ಮನೆತನ ಯಾವುದನ್ನೂ ಕೇಳದೆ ಮಗಳನ್ನು ಕೊಟ್ಟರು. ಆ ಕೈಯೇ ಮುಂದೆ ನನ್ನ ಕುತ್ತಿಗೆಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು!

ಷೋರೂಮಿಗೂ ಲೋಟ ಬಂತು. ಸೇಲ್ಸಿನಾತ, ಅಮ್ಮಾ, ಒಂದು ರೌಂಡು ಓಡಿಸಿ ನೋಡಿ ಎಂದು ಕೀ ಚಾಚಿದರೆ, ಅತ್ತೆಯವರು ಅವನನ್ನು ಗದರಿಕೊಂಡರು. ಮುದ್ರೆ ಬೀಳದ ಮಾಪನವನ್ನು ಯಾರೂ ಬಳಸಬಾರದು, ಹಾಗೆಯೇ ಪಾಸಾಗದ ಕಾರನ್ನು ಯಾರೂ ಓಡಿಸಬಾರದು, ಮೊದಲು ಪರೀಕ್ಷೆ ಆಮೇಲೆ ಓಟ ಎಂಬುದು ಅವರ ವಾದ. ಹೀಗಾಗಿ ತಾವು ಎಂಜಿನ್ ಆಫ್ ಮಾಡಿಕೊಂಡು ನುಣುಪು ಟೈಲ್ಸಿನ ಮೇಲೆ ಅಲ್ಲಾಡದೆ ನಿಂತಿದ್ದಾಗ, ಅತ್ತೆಯವರು ಮುಂದಿನ ಸೀಟಿನಲ್ಲಿ ಲೋಟ ಹಿಡಿದು ಕಣ್ಣುಮುಚ್ಚಿ ಕೂತರು. ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಒಂದು ಹನಿಯೂ ಚೆಲ್ಲಲಿಲ್ಲ! ಎಂಥ ಸಸ್ಪೆನ್ಷನ್, ಎಂಥ ಗಾಂಭೀರ್ಯ ಎಂದು ನಾವು ಚಪ್ಪಾಳೆ ತಟ್ಟಿದೆವು, ಸೇಲ್ಸಿನಾತನೂ ತಟ್ಟಿದ. ಕಾರು ನಿಂತೇ ಇತ್ತಲ್ಲ ಎಂಬುದು ನಮ್ಮ ಮೂವರಲ್ಲಿ ಯಾರ ತಲೆಗೂ ಹೋಗಲಿಲ್ಲ. ನನ್ನ ತಲೆಗೆ ಹೋಗಿತ್ತೋ ಏನೋ, ಆದರೆ ನನ್ನ ಕಣ್ಣು ತಮ್ಮ ಬಾನೆಟ್ಟಿನ ಮೇಲಿತ್ತು.

ಹೊರಡುವಾಗ ಅತ್ತೆಯವರು ಒಂದು ಮಾತು ಸೇರಿಸಿದರು. ಯಾವ ಮಾಪನವನ್ನೂ ಒಂದು ಸಲ ನೋಡಿ ಬಿಡುವಂತಿಲ್ಲ, ಬಳಕೆಯಲ್ಲಿ ಮತ್ತೊಮ್ಮೆ ತಪಾಸಣೆಯಾಗಬೇಕು, ಆಗ ಹನಿ ಚೆಲ್ಲಿದರೆ ತಪ್ಪು ಯಾವುದರದೋ ಅದನ್ನು ಬದಲಾಯಿಸುವುದು. ತಮ್ಮ ಬದಲಿಗೆ ಬರಲು ಲಾಂಡ್ರಿ ನಡೆಸುವ ನನ್ನ ಭಾವಮೈದನ ಹಳೆಯ ವ್ಯಾನು ತುದಿಗಾಲಲ್ಲಿ ನಿಂತಿತ್ತು. ಅದರ ಎರಡೂ ಪಕ್ಕದಲ್ಲಿ ಹಲ್ಲುಕಿರಿಯುವ ಅಂಗಿಯೊಂದರ ಚಿತ್ರವಿದೆ. ಅದನ್ನು ಓಡಿಸುವುದಕ್ಕಿಂತ ನಾನು ನಡೆದೇ ಹೋದೇನು.

ಇನ್ನು ತಮ್ಮ ನಿತ್ಯಸೇವೆಯನ್ನು ಹೊಗಳದಿದ್ದರೆ ನನ್ನ ನಾಲಿಗೆ ಸೇದಿಹೋದೀತು. ಬೀದಿಯ ಕೊನೆಯಲ್ಲಿರುವ ಹಾಲಿನ ಅಂಗಡಿಗೆ ಹೋಗಲು ಕೀ ತಿರುಗಿಸಿದರೆ ತಾವು ದಂಡಯಾತ್ರೆಗೆ ಹೊರಟವರಂತೆ ಗುಡುಗುತ್ತೀರಿ, ಪಕ್ಕದ ಮನೆಯ ಕಿಟಕಿ ಗಾಜು ಅದುರುತ್ತದೆ, ನಾನು ಹಾಲು ಎಷ್ಟು ಪ್ಯಾಕೆಟ್ಟು ಬೇಕೆಂದು ಯೋಚಿಸಿ ಮುಗಿಸುವ ಮೊದಲೇ ಅಂಗಡಿ ದಾಟಿ ಮುಂದಿನ ಬಡಾವಣೆಯಲ್ಲಿರುತ್ತೇವೆ. ಹೆಂಡತಿಯ ಗುಲಾಬಿ ಸಸಿಗಳು ಹೊರಡುವಾಗ ಸಸಿಗಳೇ, ಗಿರಾಕಿಯ ಮನೆ ಮುಟ್ಟುವಾಗ ಮಾತ್ರ ಬರೀ ಕಡ್ಡಿ, ಹೂವೂ ಎಲೆಯೂ ಹಿಂದಿನ ಗಾಜಿಗೆ ಅಂಟಿಕೊಂಡಿರುತ್ತವೆ. ರಸ್ತೆಯ ಉಬ್ಬು ಬಂದಾಗಲೆಲ್ಲ ಡಿಕ್ಕಿಯಲ್ಲಿನ ನನ್ನ ಹಲ್ಲಿನ ಸೆಟ್ಟುಗಳು ಕಟಕಟನೆ ಒಟ್ಟಿಗೆ ನಗುತ್ತವೆ, ಸಿಗ್ನಲ್ಲಿನಲ್ಲಿ ಪಕ್ಕ ನಿಂತ ಬೈಕಿನವರು ಒಳಗೆ ಯಾರಿದ್ದಾರೆಂದು ಬಗ್ಗಿ ನೋಡುತ್ತಾರೆ. ಪೆಟ್ರೋಲ್ ಬಂಕಿನವರಂತೂ ನನ್ನನ್ನು ಮನೆ ಅಳಿಯನಿಗಿಂತ ಹೆಚ್ಚಾಗಿ ಉಪಚರಿಸಿ ಕುರ್ಚಿ ಹಾಕಿ ಕೂರಿಸುತ್ತಾರೆ. ಹೀಗೆಲ್ಲ ಇದ್ದರೂ ಕೆರೆಯ ಏರಿ ಪಕ್ಕದ ಅಗಲ ರಸ್ತೆಯಲ್ಲಿ ಒಬ್ಬನೇ ಹೋಗುವಾಗ, ಮಳೆ ಬಿದ್ದ ತಿರುವಿನಲ್ಲೂ ತಾವು ನೆಲ ಕಚ್ಚಿ ಹಿಡಿದು ನನ್ನ ಬೆನ್ನನ್ನು ಸೀಟಿಗೆ ಒತ್ತಿದಾಗ, ನಾನು ಗಟ್ಟಿಯಾಗಿ ನಕ್ಕಿದ್ದೇನೆ, ಒಂದು ಸಲ ಕೂಗಿಯೂ ಇದ್ದೇನೆ. ಅಯ್ಯೋ, ಎಂಥ ಸುಖ ಮಹಾಶಯರೇ ಅದು!

ಆ ಸುಖ ಉಳಿಸಿಕೊಳ್ಳಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ತಪಾಸಣೆ ನಡೆಯದಿರಲೆಂದು ಲೋಟವನ್ನು ಹಲ್ಲಿನ ಅಚ್ಚಿನ ಪುಡಿ ಕಲಸಲು ಬೇಕೆಂದು ನನ್ನ ವರ್ಕ್‌ಶಾಪಿನಲ್ಲಿ ಬಚ್ಚಿಟ್ಟೆ, ಅತ್ತೆಯವರು ಬಂದು ಪುಡಿ ಒದರಿ ಎತ್ತಿಕೊಂಡು ಹೋದರು. ಅವರು ಹೊರಗೆ ಹೋಗಬೇಕೆಂದಾಗಲೆಲ್ಲ ನನಗೆ ಬೆನ್ನುನೋವು ಬರುತ್ತಿತ್ತು, ಅವರು ಮಲಗಿದ ಕೂಡಲೇ ವಾಸಿಯಾಗುತ್ತಿತ್ತು. ಎಷ್ಟು ದಿನ ಅಂತ ನಡೆದೀತು? ಊರಿನ ಹಿರಿಯ ಭಾಷಣಕಾರರೊಬ್ಬರು ಒಂದು ಸಂಜೆ ಸಭೆಯಲ್ಲಿ ಮಾತಾಡಬೇಕಿತ್ತು, ಅವರ ಬಾಯಿ ನಮ್ಮ ಡಬ್ಬಿಯಲ್ಲಿತ್ತು, ಕ್ಲಿನಿಕ್ಕಿನಿಂದ ಫೋನಿನ ಮೇಲೆ ಫೋನು. ನಾನು ಡಬ್ಬಿ ಹಿಡಿದು ಓಡಿ ಬಂದರೆ ತಮ್ಮ ಮುಂದಿನ ಸೀಟಿನಲ್ಲಿ ಅತ್ತೆಯವರು ಬೆಲ್ಟು ಹಾಕಿಕೊಂಡು, ಕೈಯಲ್ಲಿ ತುಂಬಿದ ಲೋಟ ಹಿಡಿದು ಕೂತುಬಿಟ್ಟಿದ್ದಾರೆ, ಹಿಂದಿನ ಸೀಟಿನಲ್ಲಿ ಸಾಕ್ಷಿಯಾಗಿ ನನ್ನ ಹೆಂಡತಿ. ನಡೀರಿ ಅಳಿಯಂದಿರೇ, ತಪಾಸಣೆಯೂ ಆಯಿತು ಊರ ಕೆಲಸವೂ ಆಯಿತು ಎಂದರು. ನಾನು ಡಬ್ಬಿಯನ್ನು ಡಿಕ್ಕಿಯಲ್ಲಿಟ್ಟು ಸ್ಟೀರಿಂಗು ಹಿಡಿದೆ.

ತಮ್ಮ ಗೇರಿನ ಪಕ್ಕದಲ್ಲೊಂದು ತಿರುಗುಗುಂಡಿ ಇದೆಯಲ್ಲ, ಅದರಲ್ಲಿ ‘ಆರಾಮ’ ಒಂದು, ‘ಚುರುಕು’ ಒಂದು, ಮೂರನೆಯದಕ್ಕೆ ಹೆಸರೂ ಇಲ್ಲದೆ ಬರೀ ಒಂದು ಕೆಂಪು ಚುಕ್ಕೆ. ನಾನು ಬೀದಿಯುದ್ದಕ್ಕೂ ಬಾಣಂತಿಯನ್ನು ಕರೆದೊಯ್ಯುವವನಂತೆ ಓಡಿಸಿದೆ, ನಡೆದು ಹೋಗುತ್ತಿದ್ದವರು ನಮ್ಮನ್ನು ದಾಟಿ ತಿರುಗಿ ನೋಡಿದರು. ಸಿಗ್ನಲ್ಲಿನಲ್ಲಿ ನಿಂತಾಗ, ಇನ್ನಷ್ಟು ಆರಾಮವಾಗಲಿ ಎಂಬ ಆಸೆಯಿಂದ ಬೆವರಿದ ಕೈಯಲ್ಲಿ ಗುಂಡಿಯನ್ನು ಇನ್ನೊಂದು ಸುತ್ತು ತಿರುಗಿಸಿದೆ. ಹಸಿರು ದೀಪ ಬಿತ್ತು. ಆಮೇಲೆ ನಡೆದದ್ದು ತಮಗೇ ಚೆನ್ನಾಗಿ ಗೊತ್ತು. ಲೋಟದ ನೀರು ಲೋಟದ ಆಕಾರದಲ್ಲೇ ಎದ್ದು, ಅತ್ತೆಯವರ ಹೆಗಲ ಮೇಲಿಂದ ಹಾರಿ, ನನ್ನ ಹೆಂಡತಿಯ ಮುಖಕ್ಕೆ ಬಡಿದು ಡಿಕ್ಕಿಗೆ ಹೋಯಿತು. ಡಬ್ಬಿಯೊಳಗಿನ ಭಾಷಣಕಾರರ ಹಲ್ಲುಗಳು ಅಲ್ಲಿಂದಲೇ ಭಾಷಣ ಶುರುಮಾಡಿದವು.

ಕ್ಲಿನಿಕ್ಕಿನ ಮುಂದೆ ಕಾರು ನಿಂತಿತು. ಮುಗಿಯಿತು, ಹಲ್ಲುಕಿರಿಯುವ ಅಂಗಿಯೇ ನನಗೆ ಗತಿ ಎಂದುಕೊಂಡು ನಾನು ತಲೆತಗ್ಗಿಸಿದೆ. ಅತ್ತೆಯವರು ಲೋಟದೊಳಗೆ ಇಣುಕಿದರು, ತಮ್ಮ ಸೀರೆ ಮುಟ್ಟಿ ನೋಡಿಕೊಂಡರು, ಕಾಲಬುಡದ ಮ್ಯಾಟು ತಡವಿದರು, ಎಲ್ಲ ಒಣಗಿತ್ತು. ಕೆಳಗೆ ಒಂದು ಹನಿಯೂ ಬಿದ್ದಿಲ್ಲ, ಎಲ್ಲವೂ ಹಿಂದಕ್ಕೆ ಹೋಗಿದೆ, ಹಿಂದಕ್ಕೆ ಹೋದ ನೀರಿಗೆ ನಮ್ಮ ಇಲಾಖೆಯಲ್ಲಿ ನಿಯಮವೇ ಇರಲಿಲ್ಲ, ಆದ್ದರಿಂದ ಕಾರಿನದು ಏನೂ ತಪ್ಪಿಲ್ಲ ಎಂದು ತೀರ್ಪು ಕೊಟ್ಟರು. ನಾನು ಅವರ ಕಾಲಿಗೆ ಬೀಳುವುದೊಂದೇ ಬಾಕಿ. ಅಷ್ಟರಲ್ಲಿ ಅವರು ಮುಂದುವರಿಸಿ, ಗುಂಡಿಯ ಮೇಲಿದ್ದ ಕೈ ಮಾತ್ರ ಅಳಿಯಂದಿರದು, ಬದಲಾಯಿಸಬೇಕಾದದ್ದು ಅದನ್ನು ಎಂದರು. ಆಮೇಲೆ ತುಸು ನಾಚಿ, ಅಳಿಯಂದಿರೇ, ಆ ಕೆಂಪು ಚುಕ್ಕೆಯದು ಇನ್ನೊಂದು ಸಲ ಮಾಡಿ ನೋಡೋಣ ಎಂದರು. ಅವರ ಕಣ್ಣಿನಲ್ಲಿ ಕಂಡ ಹೊಳಪು ನನಗೆ ಚಿರಪರಿಚಿತ, ಕೆರೆ ಏರಿಯ ರಸ್ತೆಯಲ್ಲಿ ತಮ್ಮ ಕನ್ನಡಿಯೊಳಗೆ ನಾನೇ ಅದನ್ನು ಕಂಡಿದ್ದೇನೆ.

ಇಲಾಖೆಯ ಜೀಪು ಓಡಿಸಿದ ಲೈಸೆನ್ಸು ಅವರ ಪೆಟ್ಟಿಗೆಯಲ್ಲಿತ್ತು, ನವೀಕರಣವೂ ಆಯಿತು. ಈಗ ಸ್ಟೀರಿಂಗು ಅವರದು, ಪಕ್ಕದ ಸೀಟು ಅವರ ಮಗಳದು. ಹಾಲಿಗೆ ಹೋದವರು ಕೆರೆಯನ್ನು ಎರಡು ಸುತ್ತು ಹಾಕಿ ಬರುತ್ತಾರೆ. ನಾನು ಹಿಂದೆ, ನಿಂಬೆಗಿಡಕ್ಕೂ ಹಲ್ಲಿನ ಡಬ್ಬಿಗಳಿಗೂ ನಡುವೆ, ಚಾಲನೆಯ ದೈನಂದಿನ ತಪಾಸಣೆಗಾಗಿ ಆ ಲೋಟ ಹಿಡಿದು ಕೂರುತ್ತೇನೆ. ಹನಿ ಚೆಲ್ಲದಿದ್ದರೆ ಅವರ ಡ್ರೈವಿಂಗು ಪಾಸು. ಕೆಂಪು ಚುಕ್ಕೆಯಲ್ಲೂ ನನ್ನ ಕೈಯಿಂದ ನೀರು ಚೆಲ್ಲುವುದಿಲ್ಲ ಮಹಾಶಯರೇ, ಅದು ನನ್ನ ಕಸುಬಿನ ಕೈ, ತಿರುವು ಬಂದರೆ ಲೋಟವೇ ತಿರುಗುತ್ತದೆ, ಉಬ್ಬು ಬಂದರೆ ಲೋಟವೇ ಏಳುತ್ತದೆ. ಹೀಗೆ ನನ್ನ ಕೈಯಾರೆ ನಾನೇ ದಿನದಿನವೂ ಅವರನ್ನು ಪಾಸು ಮಾಡಿಸುತ್ತಿದ್ದೇನೆ. ಬೇಕೆಂದೇ ಚೆಲ್ಲಿಬಿಡೋಣವೆಂದರೆ, ಕೈ ನಡುಗುವವನು ಹಲ್ಲು ಹೇಗೆ ಕಟ್ಟುತ್ತಾನೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಹೆಂಡತಿಗೆ ಹೇಳಿಕೊಂಡರೆ, ರೀ, ಸುಮ್ಮನೆ ಕೂತ್ಕೊಳ್ಳಿ, ಅಮ್ಮ ಇಷ್ಟು ಖುಷಿಯಾಗಿದ್ದದ್ದನ್ನ ನಾನು ನೋಡೇ ಇರಲಿಲ್ಲ ಅನ್ನುತ್ತಾಳೆ. ಅದೂ ನಿಜವೇ, ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯುತ್ತದೆ.

ಆದಕಾರಣ ತಮ್ಮಲ್ಲಿ ಕೈಮುಗಿದು ಬೇಡುವುದೇನೆಂದರೆ, ಅತ್ತೆಯವರು ಕೂತಾಗ ಮಾತ್ರ ತಾವು ನಾಲ್ಕರಲ್ಲಿ ಎರಡು ಚಕ್ರಗಳನ್ನು ಮರೆತುಬಿಡಬೇಕು. ಗಂಟಲು ಕಟ್ಟಿದವರಂತೆ ಕೆಮ್ಮಬೇಕು. ಸಾಧ್ಯವಾದರೆ ಗೇಟಿನಾಚೆ ಹೋಗುತ್ತಲೇ ಮೂರ್ಛೆ ಹೋಗಿ, ನಾನು ಬಂದು ಬಾನೆಟ್ಟು ಸವರಿದಾಗ ಎಚ್ಚರಗೊಳ್ಳಬೇಕು. ಆ ಕೆಂಪು ಚುಕ್ಕೆಯನ್ನು ನನಗೊಬ್ಬನಿಗೇ ಕಾಣುವಂತೆ ಮಾಡಿದರೆ ಆಜನ್ಮ ಋಣಿ. ಇದಾವುದೂ ಆಗದಿದ್ದರೆ, ಹಿಂದಿನ ಸೀಟಿಗೂ ಒಂದು ಸ್ಟೀರಿಂಗು ಬೆಳೆಸಿಕೊಳ್ಳಿ, ಅದು ಎಲ್ಲಿಗೂ ತಿರುಗದಿದ್ದರೂ ಪರವಾಗಿಲ್ಲ, ಹಿಡಿದುಕೊಳ್ಳಲು ಏನಾದರೊಂದು ಸಿಕ್ಕರೆ ಸಾಕು.

ಹೆಚ್ಚು ಬರೆದು ತಮ್ಮ ಬ್ಯಾಟರಿಯ ಸಮಾಧಾನ ಕೆಡಿಸಲಾರೆ. ಹೊರಡುವ ಹಾರ್ನ್ ಆಗುತ್ತಿದೆ, ಗೇಟು ತೆಗೆಯಬೇಕಾದವನೂ ನಾನೇ.

ನಿಂಬೆಗಿಡದ ನೆರಳಿನಿಂದ,
ಎಂದೆಂದಿಗೂ ತಮ್ಮ ವಿಶ್ವಾಸಿ,
ಲೋಟ ಹಿಡಿದವನು

ತಾ.ಕ.: ಗೇಟಿನ ಪ್ರತಿ ಅಂಟಿಸಿಯಾಯಿತು, ತಮ್ಮ ಪ್ರತಿಗೆ ಸಹಿ ಮಾತ್ರ ಹೋಗುತ್ತ, ಒಂದೇ ಕೈಯಲ್ಲಿ ಲೋಟ ಹಿಡಿದುಕೊಂಡು ಹಾಕಿದ್ದು. ಅತ್ತೆಯವರು ಹೊಸ ನಿಯಮ ಮಾಡಿದ್ದಾರೆ: ಇನ್ನು ಮುಂದೆ ಹನಿ ಚೆಲ್ಲಿದರೆ ಕಾರನ್ನೂ ಬದಲಾಯಿಸುವುದಿಲ್ಲ, ಡ್ರೈವರನ್ನೂ ಬದಲಾಯಿಸುವುದಿಲ್ಲ, ಬದಲಾಯಿಸಲು ಉಳಿದವನು ನಾನೊಬ್ಬನೇ. ಈಗಷ್ಟೇ ಕೆರೆಯ ತಿರುವು ದಾಟಿದೆವು. ಮೇಲೆ ನನ್ನ ಸಹಿಯ ಶಾಯಿ ಹರಡಿಕೊಂಡು ಒದ್ದೆಯಾಗಿರುವುದನ್ನು ತಾವು ಗಮನಿಸಿರಬಹುದು. ಅತ್ತೆಯವರೇನಾದರೂ ಕೇಳಿದರೆ, ಅದು ಕಣ್ಣೀರೆಂದೇ ಹೇಳಿ.