ಒಪ್ಪಂದದ ತಾಳಿ ಬರೆದು ಊರೂರಲ್ಲಿ ಉತ್ತರ ಕೊಟ್ಟಿದ್ದು

ಕಾದಂಬರಿ ಬರೆದು ಮುಗಿಸಿದರೆ ಕೆಲಸ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ಅಚ್ಚಾದ ಮೇಲೆ ಶುರುವಾಗುವ ಕೆಲಸದ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ, ಹಿಟ್ಟಿನ ಗಿರಣಿ ಮುಂದೆ, ಎಲ್ಲಿ ನಿಂತರೂ ಯಾರಾದರೊಬ್ಬರು ಬಂದು ಎದೆ ಮೇಲೆ ಕೈಯಿಟ್ಟುಕೊಂಡು, "ಅಲ್ರೀ, ಹಿಂಗೂ ಬರೀತಾರಾ?" ಅಂತ ಕೇಳುತ್ತಲೇ ಇದ್ದರು. ವರ್ಗವಾದರೆ ತಪ್ಪೀತು ಅಂದುಕೊಂಡರೆ, ಹೊಸ ಊರಿಗೆ ನಮ್ಮ ಲಾರಿಗಿಂತ ಮೊದಲು ನನ್ನ ಪುಸ್ತಕ ಹೋಗಿರುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದೆ. ನಮ್ಮ ಮನೆಯವರು ಕೃಷಿ ಇಲಾಖೆಯಲ್ಲಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ವಾರಪತ್ರಿಕೆಗೆ 'ಒಪ್ಪಂದದ ತಾಳಿ' ಅಂತ ಧಾರಾವಾಹಿ ಬರೆದೆ. ಪಾಳೆಯಗಾರರ ಕಾಲದ ಕಥೆ. ಅಪ್ಪ ಸತ್ತು ಕೋಟೆಗೆ ಉಳಿದವಳು ಮಗಳು ನೀಲಾಜಮ್ಮ ಒಬ್ಬಳೇ. ಮದುವೆಯಾಗದ ಹೆಣ್ಣಿಗೆ ಕೋಟೆ ಯಾಕೆ ಅಂತ ದಾಯಾದಿಗಳು ಮೇಲೆ ಬೀಳುತ್ತಾರೆ. ಅವಳು ಪಕ್ಕದ ಸೀಮೆಯ ದಳವಾಯಿ ಸಿದ್ದರಸನನ್ನು ಕರೆಸಿ, "ನನಗೆ ತಾಳಿ ಕಟ್ಟು. ಹೆಸರಿಗಷ್ಟೇ ಗಂಡ ಹೆಂಡತಿ. ನನಗೆ ಕೋಟೆ ಉಳಿಯಲಿ, ನಿನ್ನ ಜನಕ್ಕೆ ನನ್ನ ಕೆರೆಯ ನೀರು ಸಿಗಲಿ. ಮೂರು ಮಳೆಗಾಲ ಕಳೆದ ಮೇಲೆ ನಿನ್ನ ದಾರಿ ನಿನಗೆ" ಅನ್ನುತ್ತಾಳೆ. ಮೂರನೇ ಮಳೆಗಾಲ ಬರುವ ಹೊತ್ತಿಗೆ ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟಿರಲು ಆಗುವುದಿಲ್ಲ. ಇಷ್ಟೇ. ಇದರಲ್ಲಿ ಗಾಬರಿ ಬೀಳುವಂಥದ್ದು ಏನಿದೆ?

ಸಾಕ್ಷಿ ಯಾರು?

ಚನ್ನಗಿರಿಯಲ್ಲಿ ನಮ್ಮ ಎದುರುಮನೆಯಲ್ಲಿ ನಿವೃತ್ತ ಶಿರಸ್ತೇದಾರರೊಬ್ಬರಿದ್ದರು. ತಾಲ್ಲೂಕು ಕಚೇರಿ ಬಿಟ್ಟಿದ್ದರೂ ಕೋಟು ಬಿಟ್ಟಿರಲಿಲ್ಲ. ಮದುವೆಯ ಕಂತು ಅಚ್ಚಾದ ಮರುದಿನ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ಪತ್ರಿಕೆ ಹಿಡಿದುಕೊಂಡು ಸರಸರ ರಸ್ತೆ ದಾಟಿ ಬಂದರು. ಮುಖ ಬಿಳಿಚಿಕೊಂಡಿತ್ತು.

"ಏನಮ್ಮಾ ಇದು? ಎಂಥಾ ಅನಾಹುತ ಮಾಡಿಟ್ಟಿದೀಯ!"

ಹೆಣ್ಣೇ ಗಂಡನ್ನು ಕರೆಸಿ ಕೇಳಿದ್ದು ಇವರಿಗೆ ಸರಿಬರಲಿಲ್ಲವೇನೋ ಅಂತ ನಾನು ತಂಬಿಗೆ ಹಿಡಿದು ತಲೆ ತಗ್ಗಿಸಿದೆ.

"ಕೆರೆ ನೀರು ಬಿಡ್ತೀನಿ ಅಂತಾಳೆ, ಕೋಟೆ ನಂದು ಅಂತಾಳೆ, ಎಲ್ಲಾ ಬಾಯಿಮಾತಿನಾಗೇ! ಸಾಕ್ಷಿ ಯಾರು?"

"ಅದು ಪಾಳೆಯಗಾರರ ಕಾಲ ಅಲ್ವಾ ಸಾರ್..."

"ಯಾವ ಕಾಲ ಆದ್ರೇನು? ನಾಳೆ ಆ ಸಿದ್ದರಸ ನಾನು ಹಂಗೆ ಅಂದೇ ಇಲ್ಲ ಅಂದ್ರೆ? ಹುಡುಗಿ ಬೀದಿಗೆ ಬೀಳ್ತಾಳೆ. ದಾವಾ ಹಾಕಾಕೂ ಬರಲ್ಲ!"

ಅವರ ಹೆಂಡತಿ ಎದುರು ಕಟ್ಟೆಯಿಂದಲೇ ಕೂಗಿದರು: "ನೋಡಮ್ಮಾ, ಏನಾದ್ರೂ ಮಾಡು. ನಿನ್ನೆಯಿಂದ ಊಟಕ್ಕೆ ಕುಂತ್ರೂ ಅದೇ ಮಾತು."

ನಾನು ಸೋತೆ. ಮುಂದಿನ ಕಂತಿನಲ್ಲಿ ಗುಡಿಯ ಪೂಜಾರಿ ಮತ್ತು ನೀಲಾಜಮ್ಮನ ದಾಸಿ ಆ ಮಾತನ್ನು ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದರು ಅಂತ ಸೇರಿಸಿದೆ. ಅದು ಅಚ್ಚಾದ ದಿನ ಶಿರಸ್ತೇದಾರರು ಸಂತೋಷದಿಂದ ಬರುತ್ತಾರೆ ಅಂತ ಕಾದೆ. ಬಂದರು. ಮೊದಲಿಗಿಂತ ಹೆಚ್ಚು ಗಾಬರಿಯಾಗಿದ್ದರು.

"ದಾಸಿ ಅವಳ ಕಡೆಯೋಳು, ಅವಳ ಸಾಕ್ಷಿ ನಡೆಯಲ್ಲ. ಇರಲಿ, ಪೂಜಾರಿ ಇದಾನಲ್ಲ, ಸಾಕು. ಆದ್ರೆ ಅವನನ್ನ ಮಾತ್ರ ಯುದ್ಧದಾಗೆ ಸಾಯಿಸಬ್ಯಾಡ ಕಣಮ್ಮಾ. ಇರೋದು ಅವನೊಬ್ಬನೇ."

"ಆಗಲಿ ಸಾರ್" ಅಂದೆ. ಪೂಜಾರಿ ಸಾಯುವ ಕಂತನ್ನು ಹಿಂದಿನ ದಿನವೇ ಅಂಚೆಗೆ ಹಾಕಿದ್ದೆ.

ಹಾಲಿನಾಗೆ ಕಲಸಿ ಕುಡಿಸು

ಹೊನ್ನಾಳಿಗೆ ಬಂದಾಗ ಪುಸ್ತಕ ಹೊರಬಂದಿತ್ತು. ನಮ್ಮ ಮನೆ ಮಾಲೀಕರ ತಾಯಿ, ನಾವೆಲ್ಲ ಅಜ್ಜಿ ಅನ್ನುತ್ತಿದ್ದೆವು, ಬೇಸಿಗೆಯಲ್ಲಿ ಕೇರಿಯ ಹೆಂಗಸರನ್ನೆಲ್ಲ ಸೇರಿಸಿ ಶಾವಿಗೆ ಹೊಸೆಸುತ್ತಿದ್ದರು. ಅವರ ಸೊಸೆ ಪುಸ್ತಕ ಜೋರಾಗಿ ಓದುತ್ತಿದ್ದಳು. ನಾನು ಒಳಗೊಳಗೇ ಹಿಗ್ಗುತ್ತಾ ಮೂಲೆಯಲ್ಲಿ ಕೂತಿದ್ದೆ.

ಮದುವೆಯಾದ ದಿನ ಸಿದ್ದರಸ ತನ್ನ ಕಂಬಳಿ ಎತ್ತಿಕೊಂಡು ಬುರುಜಿನ ಮೇಲೆ ಮಲಗಲು ಹೋಗುತ್ತಾನೆ ಅನ್ನುವಲ್ಲಿಗೆ ಬಂದಳು. ಎಲ್ಲರ ಕೈಗಳೂ ನಿಂತವು.

"ಹೊಸಾ ಹೇಣ್ತಿ ಬಿಟ್ಟು ಬುರುಜಿನ ಮ್ಯಾಲಾ?" ಒಬ್ಬಾಕೆ ಬಾಯಿ ಮೇಲೆ ಹಿಟ್ಟಿನ ಕೈ ಇಟ್ಟುಕೊಂಡಳು.

"ಅದು ಅವರಿಬ್ಬರ ಒಪ್ಪಂದ ಕಣ್ರೀ" ಅಂದೆ.

"ಒಪ್ಪಂದಾನೂ ಇಲ್ಲ, ಗಿಪ್ಪಂದಾನೂ ಇಲ್ಲ" ಅಂದರು ಅಜ್ಜಿ. "ಗಂಡಿಗೆ ಏನೋ ಐಬು ಐತೆ. ಹೇಳ್ಕಳಾಕೆ ನಾಚಿಕೆ. ಪಾಪ."

ಒಂದು ವಾರ ಬಿಟ್ಟು ಅಜ್ಜಿ ನಮ್ಮ ಅಡುಗೆಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ಸೆರಗಿನ ಗಂಟಿನಿಂದ ಒಂದು ಪೊಟ್ಟಣ ತೆಗೆದರು. "ಗೋವಿನಕೋವಿ ಪಂಡಿತರ ಹತ್ರ ಹೇಳಿ ತರಿಸೀನಿ. ಹಾಲಿನಾಗೆ ಕಲಸಿ ಕುಡಿಸು."

"ಯಾರಿಗೆ ಅಜ್ಜಿ? ಸಿದ್ದರಸ ಪುಸ್ತಕದಲ್ಲಿರೋನು!"

ಅಜ್ಜಿ ನನ್ನ ಗಲ್ಲ ಸವರಿದರು. "ನಮಗೆ ಗೊತ್ತಾಗಲ್ವೇನವ್ವ? ಬರೆಯೋರು ತಮ್ಮ ಮನೀದೇ ಬರೀತಾರೆ."

ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಅಷ್ಟರಲ್ಲಿ ಸುದ್ದಿ ಬಜಾರು ಮುಟ್ಟಿತ್ತು. ನಮ್ಮ ಮನೆಯವರು ಸಂಜೆ ಬಂದು, "ಏನೇ ಇದು, ಅಡಿಕೆ ಮಂಡಿ ಸಾಹುಕಾರರು ನನ್ನ ಬೆನ್ನು ತಟ್ಟಿ, ಧೈರ್ಯ ಬಿಡಬ್ಯಾಡ್ರಿ, ಎಲ್ಲಾ ಸರಿಹೋಗ್ತತೆ ಅಂತಾರೆ? ನನಗೇನಾಗಿದೆ?" ಅಂದರು. ವಿಷಯ ಹೇಳಿದೆ. ಅವರು ಸೀದಾ ಅಜ್ಜಿ ಹತ್ತಿರ ಹೋದರು.

"ಅಜ್ಜಿ, ನಮಗೆ ಶಾಲೆಗೆ ಹೋಗೋ ಮಗಳಿದಾಳೆ!"

"ಅದು ಆಗಿಂದಪ್ಪಾ" ಅಂದರು ಅಜ್ಜಿ ಸಮಾಧಾನವಾಗಿ. "ನಾವು ಮಾತಾಡ್ತಿರೋದು ಈಗಿಂದು."

ನನ್ನ ತವರು ಗೋವಿನಕೋವಿಯೇ. ಪಂಡಿತರ ಬಾಯಿಂದ ನಮ್ಮವ್ವನ ಕಿವಿಗೆ ಬೀಳುವುದಕ್ಕೆ ಎಷ್ಟು ಹೊತ್ತು? ಅವ್ವ ಬಸ್ಸಿಳಿದು ಬಂದವಳು ಕೈಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ, ನೇರ ಮಲಗುವ ಕೋಣೆಗೆ ನುಗ್ಗಿದಳು. ಅಲ್ಲಿ ಈ ಗೋಡೆಗೊಂದು ಮಂಚ, ಆ ಗೋಡೆಗೊಂದು ಹಲಗೆ. ಹೊಸ್ತಿಲ ಮೇಲೆ ಕುಸಿದು ಕೂತು ಅಳತೊಡಗಿದಳು.

"ಅವ್ವಾ, ಅವರಿಗೆ ಬೆನ್ನುನೋವು! ಹಲಗೆ ಮೇಲೆ ಮಲಗಾಕೆ ಡಾಕ್ಟರು ಹೇಳ್ಯಾರೆ!"

ಅವ್ವ ಅಳು ನಿಲ್ಲಿಸಿದಳು. ನನ್ನ ಮುಖ ನೋಡಿದಳು, ಹಲಗೆ ನೋಡಿದಳು. ಆಮೇಲೆ ಕೈಚೀಲಕ್ಕೆ ಕೈಹಾಕಿ ಒಂದು ಸೀಸೆ ತೆಗೆದಳು.

"ಬೆನ್ನಿಗಾದ್ರೆ ಈ ಎಣ್ಣೆ ತಿಕ್ಕಬೇಕಂತೆ. ಯಾವುದಕ್ಕೂ ಇರಲಿ ಅಂತ ಎರಡೂ ತಂದೀನಿ."

ಬ್ಲೌಸಿನ ಬೆಲೆ

ನ್ಯಾಮತಿಯಲ್ಲಿ ಒಬ್ಬ ಟೈಲರ್ ಇದ್ದ. ಕೆಲಸ ಕಡಿಮೆಯಿದ್ದಾಗ ಕಾದಂಬರಿ ಓದುವುದು, ಪಕ್ಕದ ಗಿರಣಿಯವನು, ಎದುರಿನ ಸೈಕಲ್ ಶಾಪಿನವನು ಕೂತು ಕೇಳುವುದು ಅವರ ಪದ್ಧತಿ. ನನ್ನ ತಂಗಿಯ ಮದುವೆ ಹತ್ತಿರ ಬಂದಿತ್ತು. ಬ್ಲೌಸಿನ ಬಟ್ಟೆ ತೆಗೆದುಕೊಂಡು ಹೋದೆ. ಹೆಸರು ಕೇಳಿದ. ಹೇಳಿದೆ. ಅವನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು.

"ಆ ಪುಸ್ತಕ ಬರೆದೋರು ನೀವೇನಾ?"

ಸಂಕೋಚದಿಂದ ಹೌದು ಅಂದೆ. ಅವನು ಬಟ್ಟೆಯನ್ನು ಮಡಿಚಿ ನನ್ನ ಕೈಗೇ ಇಟ್ಟ. "ನಿಮ್ಮ ಬ್ಲೌಸು ನಾನು ಹೊಲಿಯಲ್ಲ ಮೇಡಂ. ಬ್ಯಾರೆ ಕಡೆ ನೋಡ್ಕಳ್ರಿ."

"ಯಾಕಪ್ಪಾ?"

"ಯಾಕೆ ಅಂತ ಕೇಳ್ತೀರಲ್ಲ! ಆ ಪುಣ್ಯಾತ್ಮ ಅಷ್ಟು ಮಾಡ್ದ. ಕೊನೆಗೆ ಕುದುರೆ ಹತ್ತಿ ಕೋಟೆ ಬಾಗಿಲು ದಾಟಿ ಹೋಗ್ತಾನೆ, ಆಕೆ ಮ್ಯಾಲೆ ನಿಂತು ನೋಡ್ತಾಳೆ, ಮುಗೀತು! ಒಂದು ಮಾತು ಕರೀಬಾರ್ದಾ? ಗಿರಣಿಯಣ್ಣ ಅವತ್ತು ಮಿಷನ್ನೇ ಹಾಕ್ಲಿಲ್ಲ ಗೊತ್ತಾ?"

ಗಿರಣಿಯವನು ಹೌದೆನ್ನುವಂತೆ ತಲೆಯಾಡಿಸಿದ. ಅವರು ಓದಿದ್ದು ಕೈಯಿಂದ ಕೈಗೆ ತಿರುಗಿ ಕೊನೆಯ ಹಾಳೆಗಳು ಕಿತ್ತುಹೋದ ಪ್ರತಿ ಅಂತ ನನಗೆ ಆಗ ಗೊತ್ತಾಯಿತು.

"ಅಲ್ಲಿಗೆ ಮುಗಿಯಲ್ಲಪ್ಪಾ. ಇನ್ನೂ ಒಂದು ಅಧ್ಯಾಯ ಇದೆ. ಹೊಳೆ ತುಂಬಿ ಅವನು ದಡದಲ್ಲಿ ನಿಂತಿರ್ತಾನೆ. ನೀಲಾಜಮ್ಮ ತಾನೇ ಕುದುರೆ ಹತ್ತಿ ಹೋಗಿ ಅವನನ್ನ ಕರ್ಕೊಂಡು ಬರ್ತಾಳೆ."

ಅವನು ದಂಗಾಗಿ ಉಳಿದಿಬ್ಬರ ಕಡೆ ತಿರುಗಿದ. "ನೋಡಿದ್ರೇನ್ರೋ? ಒಂದು ಬ್ಲೌಸಿಗೋಸ್ಕರ ಕಥೇನೇ ತಿರುಗಿಸಿಬಿಟ್ರು!"

ಮನೆಗೆ ಹೋಗಿ ನನ್ನ ಪ್ರತಿ ತಂದುಕೊಟ್ಟೆ. ಅಲ್ಲೇ ನಿಂತು ಜೋರಾಗಿ ಓದಿದ. ಗಿರಣಿಯವನು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಹಿಟ್ಟು ಮಾಡಿಕೊಂಡ. ಟೈಲರ್ ಬಟ್ಟೆ ತೆಗೆದುಕೊಂಡು ಅಳತೆ ಬರೆದುಕೊಂಡ. ಬ್ಲೌಸು ತರಲು ಹೋದ ದಿನ ಚೀಲಕ್ಕೆ ಹಾಕಿಕೊಡುತ್ತಾ ಹತ್ತಿರ ಬಂದು ಹೇಳಿದ:

"ಬ್ಯಾಸರ ಮಾಡ್ಕಬ್ಯಾಡ್ರಿ ಮೇಡಂ. ಹರಿದ ಪುಸ್ತಕಾನೇ ಚೆನ್ನಾಗಿತ್ತು."

ಸಿದ್ದರಸನ ಜ್ವರ

ಎಂಬತ್ತರ ದಶಕದಲ್ಲಿ ಜಗಳೂರಿಗೆ ಹೋದೆವು. ಅಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳಿದ್ದಳು. ಶೇಂಗಾ ವ್ಯಾಪಾರಿಯ ಮಗಳು, ಬುದ್ಧಿವಂತೆ. ಟೀಚರ್ ಟ್ರೈನಿಂಗ್ ಮಾಡಬೇಕು ಅಂತ ಆಸೆ. ದಾವಣಗೆರೆಯಲ್ಲಿ ಸೀಟೂ ಸಿಕ್ಕಿತ್ತು. ಅಪ್ಪ ಮಾತ್ರ "ಮೊದಲು ಮದುವೆ" ಅಂತ ಹಟ ಹಿಡಿದಿದ್ದ.

ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆ ಮುಂದೆ ಜೀಪು ನಿಂತಿತು. ಹೆಣ್ಣಿನ ಅಪ್ಪ, ಅವ್ವ, ರೇಷ್ಮೆ ಸೀರೆಯುಟ್ಟ ಹುಡುಗಿ, ಹಿಂದೆ ಗಂಡಿನ ಅಪ್ಪ, ಅವ್ವ, ಗಂಡು, ಎಲ್ಲರೂ ಇಳಿದರು. ಹೆಣ್ಣು ನೋಡುವ ಶಾಸ್ತ್ರದಿಂದ ಅರ್ಧಕ್ಕೆ ಎದ್ದು ಬಂದಿದ್ದರು. ಹುಡುಗಿಯ ಅಪ್ಪ ಹೊಸ್ತಿಲು ದಾಟುವ ಮೊದಲೇ ಶುರುಮಾಡಿದ.

"ಮೇಡಮ್ಮಾರೆ, ನೀವೇ ಬಿಡಿಸ್ರಿ ಇದನ್ನ. ಅವಲಕ್ಕಿ ಪ್ಲೇಟು ಕೊಡು ಅಂತ ಕಳಿಸಿದ್ರೆ, ಇವಳು ಪ್ಲೇಟು ಕೆಳಗಿಟ್ಟು, ನಂದೊಂದು ಒಪ್ಪಂದ ಐತೆ ಅಂದ್ಲು!"

"ತಾಳಿ ಕಟ್ಟಲಿ" ಅಂದಳು ಹುಡುಗಿ, ಕಣ್ಣು ನೆಲದ ಮೇಲೆ, ದನಿ ಮಾತ್ರ ಗಟ್ಟಿ. "ಟ್ರೈನಿಂಗ್ ಮುಗಿಯೋ ತಂಕ ಹೆಸರಿಗೆ ಅಷ್ಟೇ ಗಂಡ ಹೆಂಡ್ತಿ. ನಾನು ಹಾಸ್ಟೆಲ್‌ನಾಗಿರ್ತೀನಿ. ಅಪ್ಪಂಗೆ ಮದುವೆ ಆಗ್ತತೆ, ನನಗೆ ಓದು ಆಗ್ತತೆ."

"ಕೇಳಿದ್ರಾ?" ಗಂಡಿನ ಅವ್ವ ನನ್ನ ಕಡೆ ತಿರುಗಿದರು. "ತಾಳಿ ಕಟ್ಟಿಸ್ಕಂಡು ಹಾಸ್ಟೆಲ್ಲಿಗೆ ಹೋಗೋ ಸೊಸೆ ಯಾವ ಸೀಮೆಯಾಗೆ ಐತ್ರಿ? ನೀವೇ ಕಲಿಸಿದ್ದಂತಲ್ಲ ಇದು!"

ಈ ಸಂಬಂಧ ಮುರಿದರೆ ಹುಡುಗಿಯ ಓದೂ ಮುಗಿಯಿತು, ಊರಲ್ಲಿ ನನ್ನ ಮಾನವೂ ಮುಗಿಯಿತು. ಗಂಡು ಅಲ್ಲಿಯವರೆಗೆ ತುಟಿ ಬಿಚ್ಚಿರಲಿಲ್ಲ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್, ದಿನವಿಡೀ ಕುರಿಗಳಿಗೆ ಸೂಜಿ ಹಾಕಿ ಮಾತೇ ಮರೆತವನಂತೆ ಇದ್ದ. ಈಗ ಮೆಲ್ಲಗೆ ಕೆಮ್ಮಿದ.

"ನನಗೆ ಒಪ್ಪಿಗೆ ಐತೆ."

ಅವನ ಅವ್ವ ಕುರ್ಚಿಯಿಂದ ಜಾರುವುದರಲ್ಲಿದ್ದರು.

"ಆ ಪುಸ್ತಕ ನಾನೂ ಓದೀನಿ ಮೇಡಂ" ಅಂದ. "ಆದ್ರೆ ಒಪ್ಪಂದ ಅಂದ್ರೆ ಪೂರ್ತಿ ಪುಸ್ತಕದಂಗೇ ನಡೀಬೇಕು. ಹನ್ನೆರಡನೇ ಅಧ್ಯಾಯದಾಗೆ ಸಿದ್ದರಸಂಗೆ ಜ್ವರ ಬರ್ತತಲ್ಲ, ಆಗ ಆಕೆ ಎಲ್ಲಾ ಬಿಟ್ಟು ಬಂದು ಹಣೆ ಮ್ಯಾಲೆ ಒದ್ದೆ ಬಟ್ಟೆ ಹಾಕ್ತಾಳಲ್ಲ, ಅದೂ ಸೇರಬೇಕು."

ಹುಡುಗಿ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು. ಕಿವಿಯವರೆಗೆ ಕೆಂಪಾಗಿದ್ದಳು. "ಜ್ವರ ಬಂದ್ರೆ ಬರ್ತೀನಿ" ಅಂದಳು.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡು ಒಪ್ಪಿದ ಮೇಲೆ ಇನ್ನೇನು? ಮದುವೆ ಆಯಿತು. ಹುಡುಗಿ ಹಾಸ್ಟೆಲ್ ಸೇರಿದಳು. ಮೊದಲ ತಿಂಗಳು ಕಳೆಯುವ ಮೊದಲೇ ಹಾಸ್ಟೆಲ್ಲಿಗೆ ತಂತಿ ಬಂತು: ಗಂಡನಿಗೆ ಜ್ವರ, ಕೂಡಲೇ ಹೊರಡು. ಹೊರಟಳು. ಮುಂದಿನ ಶನಿವಾರ ಇನ್ನೊಂದು ತಂತಿ. ಅದರ ಮುಂದಿನ ಶನಿವಾರ ಮತ್ತೊಂದು. ಶನಿವಾರ ಮಧ್ಯಾಹ್ನ ಏರಿದ ಜ್ವರ ಸೋಮವಾರ ಮೊದಲ ಬಸ್ಸಿಗೆ ಸರಿಯಾಗಿ ಇಳಿಯುತ್ತಿತ್ತು. ಮಗನ ಆರೋಗ್ಯ ನೋಡಿ ಹೆದರಿದ ಅವನ ಅವ್ವ ಮೂರು ದೇವರಿಗೆ ಹರಕೆ ಹೊತ್ತರಂತೆ. ಆಮೇಲೆ ಒಂದು ಭಾನುವಾರ ಸೊಸೆ ಹಣೆಗೆ ಒದ್ದೆ ಬಟ್ಟೆ ಹಾಕುವುದನ್ನು ಬಾಗಿಲ ಸಂದಿಯಿಂದ ಕಂಡು, ಹರಕೆಗಳನ್ನೆಲ್ಲ ವಾಪಸ್ಸು ತೆಗೆದುಕೊಂಡರಂತೆ.

ಹುಡುಗಿ ಟ್ರೈನಿಂಗ್ ಮುಗಿಸಿದಳು, ಒಳ್ಳೆಯ ಅಂಕ ತೆಗೆದುಕೊಂಡಳು. ಆ ವರ್ಷ ಉತ್ತರಪತ್ರಿಕೆ ತಿದ್ದಲು ದಾವಣಗೆರೆಗೆ ಹೋಗಿದ್ದಾಗ, ಹಾಸ್ಟೆಲ್ ವಾರ್ಡನ್ ನನ್ನನ್ನು ಹುಡುಕಿಕೊಂಡು ಬಂದರು. ದಪ್ಪ ಕನ್ನಡಕ, ಬಿಗಿದ ಮುಖ, ಕಂಕುಳಲ್ಲಿ ನನ್ನ ಪುಸ್ತಕ. ಎರಡು ಕೈ ಜೋಡಿಸಿ ಹೇಳಿದರು:

"ಅಮ್ಮಾ, ದಯವಿಟ್ಟು ಮುಂದಿನ ಕಾದಂಬರಿಯಲ್ಲಾದರೂ ಗಂಡಸನ್ನ ಗಟ್ಟಿಮುಟ್ಟಾಗಿ ಇಡ್ರಿ. ನಮ್ಮ ಹಾಸ್ಟೆಲ್‌ನಾಗೆ ಈ ವರ್ಷ ಇನ್ನೂ ಆರು ಹುಡುಗೀರಿಗೆ ಮದುವೆ ಗೊತ್ತಾಗೈತೆ!"