ತುಂಬಿದ್ದು ಮೊದಲು, ಖಾಲಿ ನಂತರ

ನನ್ನ ಸ್ವಂತ ಮೊಮ್ಮಗಳ ಸಾಖರಪುಡಾದ ದಿನ, ಹೆಣ್ಣಿನ ಅಜ್ಜನಾದ ನನಗೆ ಒಂದು ಕಾಳು ಸಕ್ಕರೆಯೂ ಸಿಗಲಿಲ್ಲ. ಈ ಅನ್ಯಾಯವನ್ನು ಮೊದಲ ಸಾಲಿನಲ್ಲೇ ದಾಖಲಿಸುತ್ತಿದ್ದೇನೆ. ಏಕೆಂದರೆ ಮುಂದಿನ ಸಂಗತಿಗಳನ್ನು ಓದಿ ತಪ್ಪು ನನ್ನದೇ ಎಂದು ತೀರ್ಮಾನಿಸುವ ಜನರಿದ್ದಾರೆ. ಅವರ ಪೈಕಿ ನನ್ನ ಹೆಂಡತಿ ಮೊದಲಿಗಳು.

ಸಾಖರಪುಡಾ ಎಂದರೆ ನಮ್ಮ ಮರಾಠಿ ಗಡಿಯ ಕಡೆ ಮದುವೆ ನಿಶ್ಚಯದ ಶಾಸ್ತ್ರ. ಗಂಡಿನವರು ಸಕ್ಕರೆಯ ಪುಡಿಕೆ ತಂದು ಹೆಣ್ಣಿನ ಕಡೆಯ ಹಿರಿಯನ ಕೈಗೆ ಕೊಡಬೇಕು. ಕೊಟ್ಟರೆ ಮಾತು ಪಕ್ಕಾ; ಕೊಡದಿದ್ದರೆ ಅದುವರೆಗೆ ಕುಡಿದ ಚಹಾ ಎಲ್ಲವೂ ವ್ಯರ್ಥ.

ನಮ್ಮೂರು ಮಹಾಗಾಂವದಿಂದ ಒಳಗೆ, ಹಳ್ಳದ ಆಚೆ ಇದೆ. ಹಳ್ಳಕ್ಕೊಂದು ಸೇತುವೆ. ಅದರ ಮೇಲೆ ವಾಹನ ಹೊರಟರೆ ಪಕ್ಕದಲ್ಲಿ ಎಮ್ಮೆ ಹಿಡಿಸುವುದಿಲ್ಲ. ಎಮ್ಮೆ ಹೊರಟರೆ ವಾಹನ ಹಿಡಿಸುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ತುಂಬಿದ ಟ್ರ್ಯಾಕ್ಟರುಗಳು ಊರಿನಿಂದ ಕಾರ್ಖಾನೆಗೆ ಹೋಗುತ್ತವೆ, ಖಾಲಿಯಾದವು ಮರಳುತ್ತವೆ. ಎರಡೂ ನಡುಸೇತುವೆಯಲ್ಲಿ ಮುಖಾಮುಖಿಯಾದರೆ ಮುಗಿಯಿತು. ಎರಡೆರಡು ಟ್ರಾಲಿ ಜೋಡಿಸಿದ ಟ್ರ್ಯಾಕ್ಟರನ್ನು ಅಲ್ಲಿ ಹಿಂದಕ್ಕೆ ಒಯ್ಯುವುದು ಮನುಷ್ಯಮಾತ್ರರಿಂದ ಆಗದ ಕೆಲಸ. ಕಳೆದ ಹಂಗಾಮಿನಲ್ಲಿ ಹಾಗೆ ನಿಂತ ಇಬ್ಬರು ಚಾಲಕರು ಮೊದಲು ಬೈದಾಡಿದರು, ನಂತರ ತಂಬಾಕು ಹಂಚಿಕೊಂಡರು, ಸಂಜೆಯ ಹೊತ್ತಿಗೆ ಬೀಗರಾಗುವ ಮಾತುಕತೆಗೆ ಬಂದಿದ್ದರು. ವಾಹನಗಳು ಮಾತ್ರ ಕದಲಲಿಲ್ಲ.

ಆದ್ದರಿಂದ ಗ್ರಾಮ ಪಂಚಾಯತಿಯವರು ಸೇತುವೆಯ ಸಂಚಾರಕ್ಕೊಂದು ಪದ್ಧತಿ ಹಾಕಿಕೊಡಲು ನನ್ನನ್ನು ಕೇಳಿಕೊಂಡರು. ಕೇಳಿಕೊಳ್ಳಲು ಕಾರಣವಿತ್ತು. ನಾನು ಗಡಹಿಂಗ್ಲಜದ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದವನು. ಗಾಜಿನ ಕೋಣೆಯಲ್ಲಿ ಕುಳಿತು, ಯಾವ ಬಸ್ಸು ಯಾವ ಫಲಾಟಿಗೆ, ಅಂದರೆ ಪ್ಲಾಟ್‌ಫಾರ್ಮಿಗೆ, ಬರುತ್ತದೆ ಎಂದು ಮೈಕಿನಲ್ಲಿ ಹೇಳಿದವನು. ನನ್ನ ಅವಧಿಯಲ್ಲಿ ಒಂದು ಬಸ್ಸೂ ಇನ್ನೊಂದಕ್ಕೆ ತಾಗಿಲ್ಲ.

"ಬಸ್ ಎಲ್ಲಿ ನಿಂತಾವಂತ ನೀವು ಹೇಳೀರಿ. ನಿಲ್ಲಿಸಿದವರು ಡ್ರೈವರ್ ಮಂದಿ," ಎಂದಳು ನನ್ನ ಹೆಂಡತಿ ಗಂಗವ್ವ. ಈ ಮಾತನ್ನು ನಾನು ಮರೆತಿಲ್ಲ.

ಎಂಟು ದಿನ ಹುಣಸೆಮರದ ಕೆಳಗೆ ಕುಳಿತು ವಾಹನಗಳನ್ನು ಪರಿಶೀಲಿಸಿದೆ. ಒಂಬತ್ತನೆಯ ದಿನ ಗ್ರಾಮಸಭೆಯಲ್ಲಿ ಒಂದು ನಿಯಮ ಮತ್ತು ಹನ್ನೊಂದು ಉಪನಿಯಮಗಳನ್ನು ಮಂಡಿಸಿದೆ. ನಿಯಮ ಸರಳ: ತುಂಬಿದ್ದು ಮೊದಲು, ಖಾಲಿ ನಂತರ. ಚಪ್ಪಾಳೆ ಬಿತ್ತು. ಆಗ ಗೊಬ್ಬರದ ಅಂಗಡಿಯ ತಾತ್ಯಾಸಾಹೇಬ ಎದ್ದು ನಿಂತ.

ತಾತ್ಯಾಸಾಹೇಬನ ಬಗ್ಗೆ ಒಂದು ಮಾತು. ನಮ್ಮ ಪಕ್ಕದ ಮನೆಯವನು. ಹತ್ತೊಂಬತ್ತು ವರ್ಷಗಳ ಹಿಂದೆ ತನ್ನ ಮಗನ ಮದುವೆಯಲ್ಲಿ ನನ್ನನ್ನು ಎರಡನೆಯ ಪಂಕ್ತಿಗೆ ಕೂರಿಸಿದವನು. ಜಾಗ ಇರಲಿಲ್ಲವೆಂದು ಈಗಲೂ ಹೇಳುತ್ತಾನೆ. ಜಾಗ ಇತ್ತು. ಕಂಬದ ಪಕ್ಕದಲ್ಲಿ.

"ಕಂಟ್ರೋಲರ್ ಸಾಹೇಬ್ರ, ಒಂದು ಶಂಕಾ ಐತ್ರಿ," ಎಂದ. "ಮಂದಿ ತುಂಬಿದ ಗಾಡಿ ಬಂದ್ರ? ಲಗ್ನದ ಗಾಡಿ ಅನ್ರಿ. ಅದು ತುಂಬಿದ್ದೋ, ಖಾಲಿನೋ?"

"ಉಪನಿಯಮ ನಾಲ್ಕನ್ನು ಓದಿಕೊಳ್ಳಬೇಕು," ಎಂದೆ. "ಜನರು ಸರಕಲ್ಲ. ಸರಕಿಲ್ಲದ ಗಾಡಿ ಖಾಲಿ."

"ಆತ್ರಿ. ಬರದಿಟ್ಕೋರಿ," ಎಂದು ನಕ್ಕು ಕುಳಿತ. ಆ ನಗುವಿನ ಅರ್ಥ ನನಗೆ ಆಗಬೇಕಿತ್ತು.

ನಿಯಮ ಜಾರಿಗೆ ಬಂತು. ಸೇತುವೆಯ ಎರಡೂ ತುದಿಗೆ ಫಲಕ. ಕೆಳಗೆ ನನ್ನ ಹೆಸರು, ನಾನು ಕೇಳದಿದ್ದರೂ. ಕಾರ್ಖಾನೆಯ ಕಡೆಯ ತುದಿಯಲ್ಲಿ ಪಂಚಾಯತಿಯ ಶಿಪಾಯಿ ಮಾರುತಿ ಕೆಂಪು ನಿಶಾನೆ ಹಿಡಿದು ನಿಂತ. ಮೊದಲ ವಾರವೇ ಐವತ್ತು ಜನರಿದ್ದ ಬಸ್ಸನ್ನು ಖಾಲಿ ಎಂದು ತಡೆದ. ಜನ ಕಾದು ಬೇಸತ್ತು, ಇಳಿದು ನಡೆದುಬಂದರು. ನಂತರ ಬಂದ ಬಸ್ಸು ನಿಜವಾಗಿಯೂ ಖಾಲಿ ಇತ್ತು. ಮೋಟಾರ್‌ಸೈಕಲಿನವರು ಹಿಂದಿನ ಸೀಟಿಗೆ ಹುಲ್ಲಿನ ಹೊರೆ ಕಟ್ಟಿಕೊಂಡು ತಾವೂ ತುಂಬಿದವರೆಂದು ವಾದಿಸಿದರು. ಒಂದೇ ಹೊರೆ ದಿನಕ್ಕೆ ಆರು ಸಲ ದಾಟಿದ್ದನ್ನು ನಾನೇ ಗುರುತು ಹಿಡಿದೆ. ಆದರೂ ಕಬ್ಬು ಸಲೀಸಾಗಿ ಹೋಗುತ್ತಿತ್ತು. ನಾನು ಸಂಜೆ ಸೇತುವೆಯವರೆಗೆ ತಿರುಗಾಡಲು ಹೋಗಿ, ಫಲಕ ಓದಿ ಬರುತ್ತಿದ್ದೆ.

ಹೀಗಿರುವಾಗ ಮೊಮ್ಮಗಳು ದೀಪಾಳಿಗೆ ಇಚಲಕರಂಜಿಯ ಸಂಬಂಧ ಕೂಡಿಬಂತು. ನೂಲಿನ ವ್ಯಾಪಾರಸ್ಥರು, ಮರ್ಯಾದೆಯ ಜನ. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಒಪ್ಪಬೇಕಾಗಿದ್ದವನು ಹುಡುಗನ ಸೋದರಮಾವನೊಬ್ಬನೇ. ಮಾತು ಮಾತಿಗೆ ಮಾನ ಹೋಯಿತು ಅನ್ನುವ ಗೃಹಸ್ಥ. ಬಹಳ ಕಷ್ಟಪಟ್ಟು ಅವನನ್ನೂ ಒಪ್ಪಿಸಿದ್ದೆವು. ಮುಹೂರ್ತ ಹನ್ನೆರಡಕ್ಕೆ.

ಹನ್ನೊಂದೂ ಕಾಲಿಗೆ ಮಾರುತಿಯ ಫೋನು ಬಂತು.

"ಕಂಟ್ರೋಲರ್ ಸಾಹೇಬ್ರ, ಒಂದು ಟೆಂಪೋ ಬಂದೈತ್ರಿ. ಒಳಗ ಇಪ್ಪತ್ತೆರಡು ಮಂದಿ. ಸರಕಿಲ್ಲ. ಉಪನಿಯಮ ನಾಕು. ಖಾಲಿ ಗಾಡಿ, ಥಾಂಬಾ, ನಿಂದರ್ರಿ ಅಂದೆ."

"ಒಳ್ಳೆಯದು," ಎಂದೆ. ನಿಯಮಪಾಲನೆಯ ಸಂತೋಷದಲ್ಲಿ ಒಂದು ಕ್ಷಣ ಬೇರೇನೂ ಹೊಳೆಯಲಿಲ್ಲ.

"ಒಬ್ಬಾಂವ ಭಾಳ ಸಿಟ್ಟಿಗೆದ್ದಾನ್ರಿ. ಸಕ್ಕರಿ ತುಗೊಂಡು ಬಂದೇವಿ, ನಮಗ ಖಾಲಿ ಅಂತೀಯೇನು ಅಂತಾನ."

ಸಕ್ಕರೆ ಹಿಡಿದು ಶುಭಕಾರ್ಯಕ್ಕೆ ಹೊರಟವರಿಗೆ ಖಾಲಿ ಎನ್ನುವುದೆಂದರೇನು ಎಂಬುದನ್ನು ನಮ್ಮ ಸೀಮೆಯ ಯಾರಿಗೂ ವಿವರಿಸಬೇಕಿಲ್ಲ. ಸೋದರಮಾವ ನಿಶಾನೆಯನ್ನು ಕಿತ್ತೊಗೆದು, "ಚಲಾ, ಪುಢ ಚಲಾ!" ಎಂದು ಟೆಂಪೋವನ್ನು ಮುಂದಕ್ಕೆ ಬಿಡಿಸಿದ್ದ. ಅಷ್ಟರಲ್ಲಿ ಊರ ಕಡೆಯಿಂದ ತುಂಬಿದ ಟ್ರ್ಯಾಕ್ಟರ್ ಹತ್ತಿತ್ತು, ನನ್ನದೇ ನಿಯಮದ ಧೈರ್ಯದಲ್ಲಿ. ನಡುಸೇತುವೆಯಲ್ಲಿ ಮುಖಾಮುಖಿ. ಟ್ರ್ಯಾಕ್ಟರ್ ಹಿಂದೆ ಹೋಗಲಾರದು. ಟೆಂಪೋ ಹೋಗಬಲ್ಲದು, ಆದರೆ ಹೋಗುವುದಿಲ್ಲ.

"ಸಕ್ಕರಿ ಹಿಡಕೊಂಡು ಹೊಂಟವರು ಹಿಂದ ಸರಿಯೂದಿಲ್ಲ," ಎಂದು ಸೋದರಮಾವ ಕೂಗುತ್ತಿದ್ದುದು ಫೋನಿನಲ್ಲೇ ಕೇಳಿಸಿತು. "ಸರಿಯೂದಾದ್ರ ನೆಟ್ಟಗ ಇಚಲಕರಂಜಿಗೇ ಹೋಗ್ತೇವಿ."

ನಾವೆಲ್ಲ ಸೇತುವೆಗೆ ಓಡಿದೆವು. ಟ್ರ್ಯಾಕ್ಟರಿನ ಹಿಂದೆ ಊರಿನವರೆಗೆ ಸಾಲು. ಹನ್ನೊಂದೂಮುಕ್ಕಾಲು ಆಗಿತ್ತು.

"ಅಜ್ಜಾ, ಅವರು ಬರಾಕ ಆಗೂದಿಲ್ಲಂದ್ರ ನಾವ ಹೋಗೂಣು," ಎಂದಳು ದೀಪಾ. "ಹಳ್ಳದಾಗ ಮಣಕಾಲ ಮಟ ಸೈತ ನೀರಿಲ್ಲ."

ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಇಳಿದೇಬಿಟ್ಟಳು. ನನ್ನ ಮಗ, ಸೊಸೆ, ಗಂಗವ್ವ, ಚಪ್ಪಲಿ ಕೈಯಲ್ಲಿ ಹಿಡಿದ ತಾತ್ಯಾಸಾಹೇಬ, ಎಲ್ಲರೂ ನೀರಿಗಿಳಿದರು. ಸೇತುವೆಯ ಪದ್ಧತಿ ರೂಪಿಸಿದವನೇ ಹಳ್ಳದಲ್ಲಿ ನಡೆದರೆ ಸೇತುವೆಯ ಗೌರವವೇನು? ನಾನೊಬ್ಬನೇ ಅಧಿಕೃತ ಮಾರ್ಗವನ್ನು ಹಿಡಿದೆ.

ಅಂದರೆ ಟ್ರಾಲಿ ಮತ್ತು ಸೇತುವೆಯ ಅಂಚಿನ ಕಟಾಂಜನದ ನಡುವೆ ಅಡ್ಡಡ್ಡಲಾಗಿ ತೂರಿಕೊಂಡೆ. ಎರಡನೆಯ ಟ್ರಾಲಿಯನ್ನು ದಾಟಿದೆ. ಮೊದಲ ಟ್ರಾಲಿಯ ಹತ್ತಿರ, ಹೊರಚಾಚಿದ ಕಬ್ಬಿನ ಗಳಗಳು ನನ್ನ ಕರಿಕೋಟಿನ ಗುಂಡಿಗಳ ನಡುವೆ ಹೊಕ್ಕವು. ತಲೆಗೆ ಸುತ್ತಿದ್ದ ಪಟಕಾ ಕಬ್ಬಿನ ಮೇಲೆ ಉಳಿಯಿತು. ಮುಂದೆ ಹೋಗಲು ಆಗಲಿಲ್ಲ. ಹಿಂದೆ ಸರಿಯಲೂ ಆಗಲಿಲ್ಲ. ಎರಡು ಟ್ರಾಲಿಯ ಟ್ರ್ಯಾಕ್ಟರಿಗೂ ನನಗೂ ಯಾವ ವ್ಯತ್ಯಾಸವೂ ಉಳಿಯಲಿಲ್ಲ.

"ಅಜ್ಜಾರ, ಹಂಗ ನಿಂದರ್ರಿ," ಎಂದ ಚಾಲಕ ಮೇಲಿನಿಂದ. "ನೀವು ಅಲ್ಲಾಡಿದ್ರ ಕಬ್ಬು ಬೀಳತಾವ."

ಮುಂದಿನದನ್ನು ನಾನು ಕೇಳಿದೆ, ನೋಡಲಿಲ್ಲ. ಹಳ್ಳ ದಾಟಿದವರು ಆಚೆಯಿಂದ ಸೇತುವೆ ಹತ್ತಿ ಟೆಂಪೋದ ಹತ್ತಿರ ಬಂದರು, ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಶಾಲು ಹಾಸಿದರು. ತಾತ್ಯಾಸಾಹೇಬನ ದನಿ ಕೇಳಿಸಿತು: "ಮಾಮಾಸಾಹೇಬ್ರ, ನೀವು ಖಾಲಿ ಅಂದಾಂವ ಯಾವಾಂವ? ನೀವು ತುಂಬಿ ಬಂದೀರಂತ ತಿಳದ ಹುಡುಗಿ ಅರ್ಧ ದಾರಿಗೆ ಬಂದಾಳ. ಹಿಂಗ ಎದುರುಗೊಂಡದ್ದು ಎಲ್ಲೆರ ನೋಡೀರೇನು?"

ಸೋದರಮಾವ ನಕ್ಕ. ನನ್ನ ಜೀವ ಕೋಟಿಗೆ ಮರಳಿತು.

"ಸಕ್ಕರಿ ಹಿರ್ಯಾರ ಕೈಯಾಗ ಕೊಡಬೇಕಲ್ಲ. ಹುಡುಗಿ ಅಜ್ಜಾರು ಎಲ್ಲ್ಯದಾರ?" ಎಂದ.

"ಕಬ್ಬಿನಾಗ ಅದಾರ," ಎಂದಳು ಗಂಗವ್ವ. "ಮುಹೂರ್ತ ಮೀರತೈತಿ. ತಾತ್ಯಾ, ನೀವ ತುಗೋರಿ."

ನನ್ನ ಮೊಮ್ಮಗಳ ಸಕ್ಕರೆಯನ್ನು ತಾತ್ಯಾಸಾಹೇಬ ಸ್ವೀಕರಿಸಿದ. ಮೊದಲ ಪಂಕ್ತಿಯಲ್ಲಿ.

ಶಾಸ್ತ್ರ ಮುಗಿದ ಮೇಲೆ ಅವನೇ ಗಟ್ಟಿಯಾಗಿ ಹೇಳಿದ: "ಸಕ್ಕರಿ ಇಳೀತು. ಈಗ ಟೆಂಪೋ ಖಾಲಿ. ಕಂಟ್ರೋಲರ್ ಸಾಹೇಬ್ರ ನಿಯಮದ ಪ್ರಕಾರ ಹಿಂದ ಸರೀರಿ." ಇಪ್ಪತ್ತೆರಡು ಜನರೂ ನಗುತ್ತ ಹಿಂದೆ ಸರಿದರು. ಆದರೆ ಟ್ರ್ಯಾಕ್ಟರ್ ಚಲಿಸುವಂತಿರಲಿಲ್ಲ, ಏಕೆಂದರೆ ನಾನಿದ್ದೆ. ನಾಲ್ಕು ಜನ ಸೇರಿ ಒಂದೊಂದೇ ಗಳ ಎಳೆದು ನನ್ನನ್ನು ಬಿಡಿಸುವವರೆಗೆ ಸೇತುವೆಯನ್ನು ತಡೆದು ನಿಂತಿದ್ದ ಏಕೈಕ ವಸ್ತು ನಾನೇ.

ಆ ನಡುವೆ ದೀಪಾ ಮರೆಯದೆ ನನಗಾಗಿ ಒಂದು ಪುಡಿಕೆ ಕಳಿಸಿದಳು. ಅದು ಚಾಲಕನ ಕೈಯಿಂದ ಕಬ್ಬಿನ ಮೇಲೆ ಕುಳಿತಿದ್ದವರಿಗೆ, ಅಲ್ಲಿಂದ ಹಿಂದಿನ ಟ್ರ್ಯಾಕ್ಟರಿನವರಿಗೆ, ಅಲ್ಲಿಂದ ಮತ್ತೆ ನನ್ನತ್ತ ಬಂತು. ಶುಭದ ಸಕ್ಕರೆ ಎಂದು ಪ್ರತಿಯೊಬ್ಬರೂ ಒಂದೊಂದು ಚಿಟಿಕೆ ಬಾಯಿಗೆ ಹಾಕಿಕೊಂಡಿದ್ದರು. ನನಗೆ ತಲುಪಿದ್ದು ಕಾಗದ.

ಮದುವೆ ನಿಶ್ಚಯವಾಗಿದೆ, ಆ ಬಗ್ಗೆ ತಕರಾರಿಲ್ಲ. ಫಲಕವೂ ಅಲ್ಲೇ ಇದೆ, ನನ್ನ ಹೆಸರೂ ಇದೆ. ಕಾಗದವನ್ನು ನಾನು ಮಡಚಿ ಕಡತದಲ್ಲಿ ಇಟ್ಟಿದ್ದೇನೆ. ಅದನ್ನು ಮುಂದಿಟ್ಟುಕೊಂಡು ಗ್ರಾಮ ಪಂಚಾಯತಿಯ ಮಾನ್ಯ ಸದಸ್ಯರನ್ನು ಕೇಳುತ್ತೇನೆ: ತುಂಬಿದವರೆಲ್ಲ ದಾಟಿ ಹೋಗಿದ್ದಾರೆ, ಖಾಲಿ ಪುಡಿಕೆ ಹಿಡಿದು ನಿಂತಿರುವ ನನ್ನ ಸರದಿ ಯಾವ ಉಪನಿಯಮದಲ್ಲಿ ಬರುತ್ತದೆ?